ನೂರೈವತ್ತು ಹೆಜ್ಜೆ ದೂರ

"ನಿಲ್ಲಿ!"

ಬೈಕಿನ ಬ್ರೇಕು ಕಿರ್ರೆಂದಿತು. ಮುಂದಿನ ಚಕ್ರ ಅವಳ ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಬಂದು ನಿಂತಿತು. ಅವಳು ಹಿಂದೆ ಸರಿಯಲಿಲ್ಲ. ಕೋಲಿಗೆ ಕಟ್ಟಿದ ಕೆಂಪು ಬಾವುಟ ಅವನ ಮೂಗಿನ ಮುಂದೆಯೇ ಇತ್ತು.

"ದಾರಿ ಬಿಡಿ. ನಿಮಗೆಲ್ಲ ತರಬೇತಿ ಕೊಡೋಕೆ ಬಂದಿರೋನೇ ನಾನು."

"ಯಾರಾದ್ರೂ ಆಗಿ. ತಿರುವಿನ ಆ ಕಡೆಯಿಂದ ಲಾರಿ ಬರ್ತಿದೆ."

"ನಿಮ್ಮ ಇಂಜಿನಿಯರ್ ಸಾಹೇಬ್ರು ಕಾಯ್ತಿದ್ದಾರೆ..."

"ಕಾಯಲಿ. ಕಾಯೋದ್ರಿಂದ ಯಾರ ಕಾಲೂ ಮುರಿಯಲ್ಲ."

ಜಲ್ಲಿ ತುಂಬಿದ ಲಾರಿ ಧೂಳೆಬ್ಬಿಸಿ ಹಾದುಹೋಯಿತು. ಅವನು ಹೆಲ್ಮೆಟ್ ತೆಗೆದ. ಮುಖದ ತುಂಬ ನಗು!

"ಭೇಷ್! ಸುಮ್ನೆ ಪರೀಕ್ಷೆ ಮಾಡಿದೆ. ನೀವು ಪಾಸು!"

ಪರೀಕ್ಷೆಯಾ? ಅವಳ ಕಿವಿ ಬಿಸಿಯಾಯಿತು. ಎರಡು ವರ್ಷದಿಂದ ಇಂಥ ತಿರುವುಗಳಲ್ಲಿ ಜೀವ ಅಂಗೈಯಲ್ಲಿ ಹಿಡಿದು ನಿಂತಿದ್ದೀನಿ. ಇವನಿಗೆ ಇದು ಆಟ!

ಹೇಳಬೇಕೆಂದುಕೊಂಡದ್ದು ಗಂಟಲಲ್ಲೇ ಉಳಿಯಿತು. ಅವಳು ಹಾಗೆಯೇ. ವಾಹನಗಳ ಮುಂದೆ ಗಟ್ಟಿ ದನಿ, ಮನುಷ್ಯರ ಮುಂದೆ ಮೌನ. ಪುರಸಭೆಯ ರಸ್ತೆ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದುದೇ 'ಬಾವುಟ' ಎಂದು. ಏಳನೇ ತರಗತಿಗೇ ಶಾಲೆ ಬಿಟ್ಟವಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಸೋದರತ್ತೆ. ಕೆಲಸಕ್ಕೆ ಸೇರಿಸಿದ್ದೂ ಅದೇ ಅತ್ತೆ. ಇಪ್ಪತ್ತು ವರ್ಷದಿಂದ ಗುಂಡಿ ಮುಚ್ಚುತ್ತಿದ್ದ ಅತ್ತೆಯ ಸಲಿಕೆಗಿಂತ ಬಾಯಿಯೇ ಹರಿತ.

"ಏನೇ ಬಾವುಟ, ಮೇಷ್ಟ್ರನ್ನೇ ನಿಲ್ಲಿಸಿಬಿಟ್ಯಂತೆ?" ಅತ್ತೆ ಕಣ್ಣು ಮಿಟುಕಿಸಿದಳು. "ನೋಡೋಕೆ ಲಕ್ಷಣವಾಗಿದ್ದಾನೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳೋದಲ್ವಾ?"

"ಅತ್ತೆ! ಸುಮ್ನಿರು!"

ತರಬೇತಿ ಆರು ದಿನದ್ದು. ಮೊದಲ ದಿನವೇ ಎಲ್ಲರಿಗೂ ಹೊಳೆಯುವ ಪಟ್ಟಿಯ ಹಳದಿ ಜಾಕೆಟ್ ಕೊಟ್ಟರು. ಸಂಜೆಯಾದ ಕೂಡಲೇ ಇಂಜಿನಿಯರ್ ಸಾಹೇಬರು ಗೋಣಿಚೀಲ ಹಿಡಿದು ಬಂದರು.

"ಜಾಕೆಟ್ ಬಿಚ್ಚಿ, ಬಿಚ್ಚಿ! ಕಚೇರಿ ಬೀರುವಿಗೆ ಹೋಗಬೇಕು. ನಿಮ್ಮ ಕೈಲಿ ಇಟ್ರೆ ಎರಡೇ ದಿನಕ್ಕೆ ಕೊಳೆಯಾಗುತ್ತೆ."

"ಕೊಳೆಯಾಗಲಿ ಅಂತ ತಾನೇ ಸಾರ್ ಕೊಡೋದು?" ಎಂದಳು ಅತ್ತೆ.

"ಮೇಲಿನೋರು ನೋಡೋಕೆ ಬಂದಾಗ ಹೊಸದಾಗಿರಬೇಡ್ವಾ?"

ಮೇಲಿನವರು ಬಂದಾಗ! ಬಾವುಟ ಹಲ್ಲು ಕಚ್ಚಿದಳು. ಜೀವ ಕಾಯುವ ಬಟ್ಟೆ ಬೀರುವಿನಲ್ಲಿ ಮಡಿಕೆ ಮುರಿಯದೆ ಮಲಗುತ್ತದೆ. ಅದನ್ನು ಹಾಕಿಕೊಳ್ಳಬೇಕಾದವರು ಹರಿದ ಅಂಗಿಯಲ್ಲಿ ಲಾರಿಗಳ ಮುಂದೆ ನಿಲ್ಲುತ್ತಾರೆ. ಎಂಥ ನ್ಯಾಯ ಇದು!

ಆದರೂ... ಅವನ ಪಾಠ ಮಾತ್ರ ಚೆನ್ನಾಗಿತ್ತು. ಗುಂಡಿಗೆ ಸುಮ್ಮನೆ ಡಾಂಬರು ಸುರಿಯಬಾರದು. ಅಂಚನ್ನು ಚೌಕವಾಗಿ ಕತ್ತರಿಸಿ, ನಿಂತ ನೀರು ಬಳಿದು ತೆಗೆದು, ಧೂಳು ಗುಡಿಸಿ, ಆಮೇಲೆ ಪದರ ಪದರವಾಗಿ ಕುಟ್ಟಿ ಕೂರಿಸಬೇಕು. ಹೇಳುತ್ತ ಹೇಳುತ್ತ ಅವನೇ ಮೊಣಕಾಲೂರಿ ಗುಂಡಿ ಗುಡಿಸಿದ. ಅಂಗಿ ಕಪ್ಪಾದರೂ ಅವನಿಗೆ ಪರಿವೆಯಿರಲಿಲ್ಲ. ಎಲ್ಲವನ್ನೂ ಹೆಜ್ಜೆಯಲ್ಲೇ ಅಳೆಯುವ ಅವನಿಗೆ ಅತ್ತೆ 'ಹೆಜ್ಜೆ ಮೇಷ್ಟ್ರು' ಎಂದು ಹೆಸರಿಟ್ಟೂ ಆಯಿತು.

"ಎಚ್ಚರಿಕೆ ಬೋರ್ಡ್ ಎಲ್ಲಿರಬೇಕು?" ಅವನು ಕೇಳಿದ. "ಕೆಲಸದ ಜಾಗದಲ್ಲಲ್ಲ, ತಿರುವಿಗಿಂತ ಮೊದಲು. ಇಲ್ಲಿಂದ ನೂರೈವತ್ತು ಹೆಜ್ಜೆ ದೂರ."

ಹಿಂದಿನಿಂದ ಮೆಲ್ಲನೆಯ ದನಿಯೊಂದು ಕೇಳಿತು. "ಯಾರ ಹೆಜ್ಜೆ?"

ಎಲ್ಲರೂ ತಿರುಗಿ ನೋಡಿದರು. ಬಾವುಟ ಮಾತಾಡಿದಳೇ!

"ನಿಮ್ಮ ಹೆಜ್ಜೆ ಉದ್ದ ಸಾರ್. ನಮ್ಮದು ಚಿಕ್ಕದು. ಯಾರ ಹೆಜ್ಜೆ ಅಂತ ಹೇಳದಿದ್ರೆ ಬೋರ್ಡ್ ಒಂದೊಂದು ದಿನ ಒಂದೊಂದು ಕಡೆ ಇರುತ್ತೆ."

ಅವನು ತನ್ನ ಕಾಲನ್ನೂ ಅವಳ ಕಾಲನ್ನೂ ನೋಡಿದ. ಆಮೇಲೆ ಅವಳನ್ನೇ ನೋಡುತ್ತ ಹೇಳಿದ. "ನಿಜ. ಎಷ್ಟೋ ಊರಲ್ಲಿ ಪಾಠ ಮಾಡಿದ್ದೀನಿ, ಯಾರೂ ಇದನ್ನ ಕೇಳಿರಲಿಲ್ಲ. ತಿರುವಿನಲ್ಲಿ ನಿಲ್ಲೋರು ನೀವು. ಎಷ್ಟು ದೂರ ಇದ್ರೆ ಸಾಕು ಅಂತ ನಿಮ್ಮ ಹೆಜ್ಜೆಯಲ್ಲೇ ಅಳೆಯೋಣ. ಬನ್ನಿ."

ಇಬ್ಬರೂ ನಡೆದರು. ಅವಳು ನಡೆದಳು, ಅವನು ಎಣಿಸಿದ. ಅವಳ ಇನ್ನೂರ ಹತ್ತನೇ ಹೆಜ್ಜೆಗೆ ಬೋರ್ಡ್ ನಿಂತಿತು. ಪರೀಕ್ಷೆ ಮಾಡಿದ ಮೊದಲ ದಿನದ ಸಿಟ್ಟು ಆ ದಾರಿಯಲ್ಲಿ ಎಲ್ಲಿ ಉದುರಿಹೋಯಿತೋ, ಅವಳಿಗೇ ಗೊತ್ತಾಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ಬೀರುವಿನ ಜಾಕೆಟ್ಟುಗಳನ್ನು ಎಲ್ಲರಿಗೂ ತೊಡಿಸಿ ಫೋಟೋದವನನ್ನು ಕರೆತಂದರು.

"ಎಲ್ಲಾ ಬನ್ನಿ! ತರಬೇತಿ ಫೋಟೋ ಮೇಲಕ್ಕೆ ಕಳಿಸಬೇಕು. ಏ ಬಾವುಟ, ನೀನೂ ಬಾ. ಮುಂದಿನ ಸಾಲು!"

"ಸಾರ್, ತಿರುವಿನಲ್ಲಿ ಯಾರೂ..."

"ಎರಡು ನಿಮಿಷ! ಅಷ್ಟರಲ್ಲಿ ಆಕಾಶ ಬೀಳುತ್ತಾ?"

ಅವಳು ಬಂದಾಗ ತಿರುವಿನಾಚೆಯ ಎಚ್ಚರಿಕೆ ಬೋರ್ಡ್ ಅದಾಗಲೇ ಸಾಲಿನ ಪಕ್ಕದಲ್ಲಿತ್ತು. ಅದರ ಮೇಲೆ ಕೈಯಿಟ್ಟು ಅವನು ನಿಂತಿದ್ದ. ಬೋರ್ಡ್ ಇಲ್ಲಿಗೆ ಹೇಗೆ ಬಂತು? ಕೇಳುವಷ್ಟರಲ್ಲಿ ಫೋಟೋದವನು "ನಗಿ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ.

ಫೋಟೋ ಮುಗಿಯಿತು. ಅತ್ತೆ ಗುಂಡಿಯ ಹತ್ತಿರ ಹೋಗಿ ಸಲಿಕೆ ಹಿಡಿದಳು. ಬಾವುಟ ತಿರುವಿನ ಕಡೆ ಹೊರಟಾಗ ಇಂಜಿನಿಯರ್ ಸಾಹೇಬರು ಗೋಣಿಚೀಲ ಅವಳ ಕೈಗೆ ತುರುಕಿದರು.

"ಮೊದಲು ಜಾಕೆಟ್ ಎಲ್ಲಾ ಮಡಿಚಿ ತುಂಬು. ಇವತ್ತಿನ ಫೋಟೋ ಆಯ್ತಲ್ಲ."

ನಾಲ್ಕನೇ ಜಾಕೆಟ್ ಮಡಿಚುತ್ತಿದ್ದಾಗ ಆ ಸದ್ದು ಕೇಳಿತು. ಟೈರು ಉಜ್ಜಿದ ಸದ್ದು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಆಮೇಲೆ ಅತ್ತೆಯ ಕೂಗು!

ತಿರುವಿನಿಂದ ನುಗ್ಗಿದ ಸರಕಿನ ವ್ಯಾನು ಡಾಂಬರಿನ ಡ್ರಮ್ಮಿಗೆ ಗುದ್ದಿತ್ತು. ಡ್ರಮ್ಮು ಅತ್ತೆಯ ಕಾಲ ಮೇಲೆ ಉರುಳಿತ್ತು.

ಓಡುತ್ತ ಓಡುತ್ತಲೇ ಬಾವುಟ ನೋಡಿದಳು. ರಸ್ತೆಯ ಮಧ್ಯದಲ್ಲಿ ಅವನು ನಿಂತಿದ್ದ. ಅವನ ಎರಡೂ ಕೈಯಲ್ಲಿ ಎಚ್ಚರಿಕೆ ಬೋರ್ಡ್!

ಹಾಗಾದರೆ ಅದನ್ನು ತಂದವನು ಇವನೇ... ಫೋಟೋಗಾಗಿ! ನೂರೈವತ್ತು ಹೆಜ್ಜೆಯ ಪಾಠ ಹೇಳಿದ ಇವನೇ!

ಆಸ್ಪತ್ರೆಯ ಮೊಗಸಾಲೆಗೆ ಅವನು ಸಂಜೆ ಬಂದ. ಅಂಗಿಯ ಮೇಲೆ ಡಾಂಬರು ಹಾಗೇ ಇತ್ತು.

"ಅತ್ತೆ ಹೇಗಿದ್ದಾರೆ?"

ಅವಳು ಎದ್ದು ನಿಂತಳು. "ಮೂಳೆ ಎರಡು ಕಡೆ ಮುರಿದಿದೆ. ಫೋಟೋ ಚೆನ್ನಾಗಿ ಬಂತಾ ಸಾರ್? ಬೋರ್ಡು ಕಾಣುತ್ತಾ? ನಿಮ್ಮ ನಗು ಕಾಣುತ್ತಾ?"

ಅವನು ತಲೆ ತಗ್ಗಿಸಿದ.

"ಹೇಳಿ! ನೀವೇ ತಾನೇ ಬೋರ್ಡ್ ಹಿಡ್ಕೊಂಡಿದ್ದು?"

"ಹೌದು... ಹಿಡ್ಕೊಂಡಿದ್ದೆ."

"ಬೇರೇನೂ ಹೇಳೋಕಿಲ್ವಾ?"

ಅವನು ಅಂಗಿಯ ಮೇಲಿನ ಡಾಂಬರನ್ನು ಉಗುರಿನಿಂದ ಕೆರೆದ.

"ನೀವೇ ಕಲಿಸಿದ್ದಲ್ವಾ, ಅಪಾಯ ಇರೋ ಕಡೆಯಿಂದ ಎಷ್ಟು ದೂರ ನಿಲ್ಲಬೇಕು ಅಂತ? ನನ್ನಿಂದ ನೂರೈವತ್ತು ಹೆಜ್ಜೆ ದೂರ ಇರಿ. ಹೋಗಿ!"

ಅವನು ಹೋದ. ಹೋದಮೇಲೆ ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಅತ್ತೆಗಾಗಿ ಅತ್ತಳು. ಇವನಿಗಾಗಿಯೂ ಯಾಕೆ ಅಳು ಬರುತ್ತಿದೆ ಎಂದು ತನ್ನ ಮೇಲೆಯೇ ಸಿಟ್ಟಾದಳು.

ಮಾರನೇ ದಿನ ಇಂಜಿನಿಯರ್ ಸಾಹೇಬರ ಕಾಗದ ಬಂತು. ತಂದವನು, "ಇಲ್ಲಿ ಸಹಿ ಹಾಕಮ್ಮ" ಎಂದ. ಅವಳು ಸಹಿ ಹಾಕಲಿಲ್ಲ, ಓದಿದಳು. ಶಾಲೆ ಬಿಟ್ಟಿದ್ದಳೇ ಹೊರತು ಅಕ್ಷರ ಬಿಟ್ಟಿರಲಿಲ್ಲ. 'ಬಾವುಟ ಹಿಡಿಯುವ ನಾನು ಹೇಳದೆ ಕೇಳದೆ ನನ್ನ ಜಾಗ ಬಿಟ್ಟು ಹೋಗಿದ್ದರಿಂದ ಅಪಘಾತವಾಯಿತು. ತಪ್ಪನ್ನು ಒಪ್ಪಿ ಕೆಲಸ ಬಿಡುತ್ತಿದ್ದೇನೆ.'

ಅವಳು ಅದನ್ನು ಮತ್ತೊಮ್ಮೆ ಓದಿದಳು. ಕೆಲಸ ಹೋಗುವುದಲ್ಲದೆ, ಸಾಕಿದ ಅತ್ತೆಯ ಕಾಲು ಮುರಿದವಳು ನಾನೇ ಎಂದು ನನ್ನ ಕೈಯಲ್ಲೇ ಬರೆಸಿಕೊಳ್ಳುತ್ತಾರೆಯೇ!

"ಏನು ಕಾಗದ ಅದು?" ಅತ್ತೆ ಕಣ್ಣು ತೆರೆದಿದ್ದಳು.

ಅವಳು ಓದಿ ಹೇಳಿದಳು. ಮೇಷ್ಟ್ರ ವಿಷಯವನ್ನೂ ಹೇಳಿದಳು, ಹೇಳುತ್ತ ಮತ್ತೆ ಉರಿದಳು. ಅತ್ತೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದೀ! ಬೋರ್ಡ್ ತರಿಸಿದ್ದು ಇಂಜಿನಿಯರ್ರು. ಜೀಪಿನ ಡ್ರೈವರ್ ಕೈಲಿ. ನಾನೇ ನೋಡಿದ್ದೀನಿ. ಫೋಟೋ ಆದ್ಮೇಲೆ ಮೇಷ್ಟ್ರು 'ವಾಪಸ್ ಇಡ್ಸಿ' ಅಂದ್ರೆ 'ಮೊದಲು ಟೀ ಆಗ್ಲಿ' ಅಂದ ಆ ಮಹಾರಾಯ. ಆಗ ಮೇಷ್ಟ್ರೇ ಎತ್ಕೊಂಡು ತಿರುವಿನ ಕಡೆ ಓಡಿದ್ದು ಕಣೇ!"

ಬಾವುಟ ಮಂಚದ ಅಂಚಿನಲ್ಲಿ ಕುಸಿದಳು. "ಮತ್ತೆ... ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಅದನ್ನ ಅವನನ್ನೇ ಕೇಳು. ಅದಕ್ಕೆ ಮೊದಲು ಹೋಗಿ ಆ ಕಾಗದ ಅವರ ಮುಖಕ್ಕೆ ಹಿಡಿ. ಲಾರಿ ನಿಲ್ಲಿಸೋಳಿಗೆ ಇವರೆಲ್ಲ ಯಾವ ಲೆಕ್ಕ!"

ಅಪಘಾತದ ವಿಚಾರಣೆ ಪುರಸಭೆಯ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಇತ್ತು. ಮೇಜಿನಾಚೆ ಕನ್ನಡಕದ ಮುಖ್ಯಾಧಿಕಾರಿ ಮೇಡಂ, ಈಚೆ ಇಂಜಿನಿಯರ್ ಸಾಹೇಬರು. ಕಿಟಕಿಯ ಹತ್ತಿರ ಅವನು. ಬಾವುಟ ಒಳಗೆ ಬರುವ ಮೊದಲು ಮೊಗಸಾಲೆಯ ಸೂಚನಾ ಫಲಕದ ಮುಂದೆ ನಿಂತಳು. ಅಲ್ಲಿ ಅದೇ ಫೋಟೋ! ಕೆಳಗೆ ದಪ್ಪ ಅಕ್ಷರ: 'ರಸ್ತೆ ಸುರಕ್ಷತಾ ತರಬೇತಿ ಯಶಸ್ವಿ.'

ಅವಳು ಪಿನ್ನು ಕಿತ್ತಳು. ಫೋಟೋ ಹಿಡಿದುಕೊಂಡೇ ಒಳಗೆ ನಡೆದಳು.

"ಮೇಡಂ, ಈ ಹುಡುಗಿ ಜಾಗ ಬಿಟ್ಟು ಎಲ್ಲೋ ಹೋಗಿದ್ಲು," ಇಂಜಿನಿಯರ್ ಸಾಹೇಬರು ಆಗಲೇ ಶುರು ಮಾಡಿದ್ದರು. "ಕಲಿಸಿದ್ರೂ ಇವರಿಗೆ ತಲೆಗೆ ಹೋಗಲ್ಲ."

ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಇದು ಮನುಷ್ಯನಲ್ಲ, ಲಾರಿ ಅಂದುಕೋ... ಲಾರಿ ಅಂದುಕೋ...

"ನಿಲ್ಲಿಸಿ ಸಾರ್!"

ಅವಳು ಫೋಟೋವನ್ನೂ ಸಹಿ ಹಾಕದ ಕಾಗದವನ್ನೂ ಮೇಜಿನ ಮೇಲಿಟ್ಟಳು.

"ನೋಡಿ ಮೇಡಂ. ನಾನು ಇಲ್ಲಿದ್ದೀನಿ, ಮುಂದಿನ ಸಾಲು. ನನ್ನ ಕೈಲಿ ಬಾವುಟ ಇದೆ. ಬೋರ್ಡೂ ಇಲ್ಲೇ ಇದೆ. ಕೆಲಸದೋರೆಲ್ಲ ಇದ್ದೀವಿ, ಇಂಜಿನಿಯರ್ ಸಾಹೇಬ್ರೂ ನಗ್ತಿದ್ದಾರೆ. ಹಾಗಾದ್ರೆ ತಿರುವಿನಲ್ಲಿ ಯಾರಿದ್ರು? ನನ್ನ ಜಾಗದಿಂದ ನನ್ನ ಕರೆದೋರು ಯಾರು? ಫೋಟೋ ಆದ್ಮೇಲೂ ಜಾಕೆಟ್ ಮಡಿಚೋಕೆ ಕೂರಿಸಿದೋರು ಯಾರು? ಒಂದು ಜಾಕೆಟ್ಟಿನ ಮಡಿಕೆಗಿರೋ ಬೆಲೆ ನಮ್ಮತ್ತೆ ಕಾಲಿಗಿಲ್ವಾ ಮೇಡಂ?"

ಇಂಜಿನಿಯರ್ ಸಾಹೇಬರ ಮುಖದಲ್ಲಿ ಬೆವರು ಒಡೆಯಿತು. "ಮೇಡಂ, ಅದು... ಬೇರೆ ಸಮಯದ ಫೋಟೋ..."

"ಅದೇ ಸಮಯದ್ದು." ಕಿಟಕಿಯ ಹತ್ತಿರದ ದನಿ. "ಅಪಘಾತಕ್ಕೆ ಐದು ನಿಮಿಷ ಮೊದಲಿನದು. ಅವತ್ತೇ ಸಂಜೆ ಎಲ್ಲಾ ಬರೆದು ಕೊಟ್ಟಿದ್ದೆ ಮೇಡಂ. ಸಾಹೇಬ್ರ ಫೈಲಿನಲ್ಲೇ ಇರಬೇಕು. ಅದರಲ್ಲಿ ನನ್ನ ತಪ್ಪನ್ನೂ ಬರೆದಿದ್ದೀನಿ. ಬೋರ್ಡ್ ತಂದಾಗಲೇ ತಡೀಬೇಕಿತ್ತು. ಫೋಟೋ ತಾನೇ ಅಂತ ಸುಮ್ನಾದೆ. ಕೈಯಿಟ್ಟು ನಿಂತೆ. ನಕ್ಕೆ."

ಮುಖ್ಯಾಧಿಕಾರಿ ಫೈಲು ಎಳೆದುಕೊಂಡರು. ಕಾಗದ ಎಲ್ಲಕ್ಕಿಂತ ಅಡಿಯಲ್ಲಿತ್ತು. ಅವರು ಎರಡು ಸಲ ಓದಿದರು. ಬಾವುಟ ಸಹಿ ಹಾಕದ ಕಾಗದವನ್ನು ಹರಿದರು.

"ನೀನು ನಿನ್ನ ಕೆಲಸಕ್ಕೆ ಹೋಗಮ್ಮ. ಅತ್ತೆ ಚಿಕಿತ್ಸೆ ನಮ್ಮ ಜವಾಬ್ದಾರಿ. ಇಂಜಿನಿಯರ್ರೇ, ಆ ಬೀರುವಿನ ಬೀಗದ ಕೈ ಇಲ್ಲಿಡಿ. ನಿಮ್ಮ ಉತ್ತರ ನನಗೆ ಬರಹದಲ್ಲಿ ಬೇಕು." ಆಮೇಲೆ ಅವನ ಕಡೆ ತಿರುಗಿದರು. "ಉಳಿದ ಮೂರು ದಿನದ ಪಾಠ ಮುಗಿಸಿ. ಮುಂದೆ ಈ ಊರಿಗೆ ನಿಮ್ಮನ್ನ ಕರೆಯೋದು ಬಿಡೋದು ಆಮೇಲೆ ನೋಡೋಣ."

ಅವನು ತಲೆಯಾಡಿಸಿದ. ಅವಳತ್ತ ನೋಡದೆಯೇ ಹೊರಗೆ ಹೋದ.

ಮೂರು ದಿನವೂ ಅವನು ಅವಳ ಹತ್ತಿರ ಸುಳಿಯಲಿಲ್ಲ. ಕೊನೆಯ ದಿನ ಎಲ್ಲರ ಮೈಮೇಲೂ ಹಳದಿ ಜಾಕೆಟ್ಟಿತ್ತು, ಡಾಂಬರು ಮೆತ್ತಿ, ಬೆವರು ಹತ್ತಿ, ಚೆನ್ನಾಗಿ ಕೊಳೆಯಾಗಿ. ಕೆಲಸ ಮುಗಿದು ರಸ್ತೆ ಖಾಲಿಯಾಯಿತು. ಬಾವುಟ ತಿರುವಿನಲ್ಲೇ ನಿಂತಿದ್ದಳು. ದೂರದಲ್ಲಿ ಅವನು ಬೈಕಿನ ಪಕ್ಕ ನಿಂತಿದ್ದ.

ಹೋಗಿಬಿಡುತ್ತಾನೆಯೇ? ಒಂದು ಮಾತೂ ಆಡದೆ?

"ಮೇಷ್ಟ್ರೇ!" ಅವಳು ಕೂಗಿದಳು. "ಅಲ್ಲೇ ಯಾಕೆ ನಿಂತಿದ್ದೀರಿ?"

"ನೀವೇ ಹೇಳಿದ್ರಲ್ಲ, ನೂರೈವತ್ತು ಹೆಜ್ಜೆ ದೂರ ಇರಿ ಅಂತ!"

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. "ಬೋರ್ಡ್ ನೀವು ತಂದಿಲ್ಲ ಅಂತ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅದು ಅರ್ಧ ನಿಜ ಆಗ್ತಿತ್ತು! ನಿಮ್ಮ ಮುಂದೆ ಅರ್ಧ ನಿಜ ಹೇಳೋಕೆ ಆಗಲಿಲ್ಲ! ಮೊದಲನೇ ದಿನ ನೀವು ನಿಲ್ಲಿಸಿದ್ರಲ್ಲ... ಅವತ್ತಿಂದ ಅಲ್ಲೇ ನಿಂತಿದ್ದೀನಿ. ಮುಂದೆ ಹೋಗೋಕೆ ನನ್ನಿಂದ ಆಗ್ತಿಲ್ಲ!"

ಅವಳು ಕೆಂಪು ಬಾವುಟ ಇಳಿಸಿದಳು. ಇನ್ನೊಂದು ಕೈಯಲ್ಲಿದ್ದ ಹಸಿರು ಬಾವುಟ ಎತ್ತಿದಳು.

ಅವನು ಹೊರಟ. ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ, ಗಟ್ಟಿಯಾಗಿ ಎಣಿಸುತ್ತ ಬಂದ.

"ಇಷ್ಟು ನಿಧಾನಕ್ಕೆ ಬಂದ್ರೆ ಕತ್ತಲಾಗುತ್ತೆ ಮೇಷ್ಟ್ರೇ!"

"ಇದು ನಿಮ್ಮ ಹೆಜ್ಜೆ. ನನ್ನದರಲ್ಲಿ ಬಂದ್ರೆ ನೀವು ಒಪ್ಪಲ್ಲ."

ಅವಳ ಮುಂದೆ, ಕೈಗೆಟುಕುವಷ್ಟು ಹತ್ತಿರ ಬಂದು ನಿಂತ.

"ಎಷ್ಟಾಯ್ತು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಇನ್ನೂರ ಒಂಬತ್ತು."

"ಇನ್ನೊಂದು?"

"ಅದನ್ನ ನಾನಿಡೋ ಹಾಗಿಲ್ಲ. ಅದು ನಿಮ್ಮದು."

ಅವಳು ರಸ್ತೆಯ ಎರಡೂ ಕಡೆ ಒಮ್ಮೆ ನೋಡಿದಳು, ಅಭ್ಯಾಸಬಲದಿಂದ. ಆಮೇಲೆ ಆ ಹೆಜ್ಜೆ ಇಟ್ಟಳು.