ರೇಷ್ಮೆಗೆ ಸಿಕ್ಕಿಕೊಳ್ಳುವ ಬೆರಳು

ಹಳದಿ ಮುಚ್ಚಳದ ಕ್ರೀಮು ಇನ್ನೂರ ಎಪ್ಪತ್ತೈದು. ಗುಲಾಬಿ ಡಬ್ಬಿಯದು ನಾನೂರ ನಲವತ್ತು. ಗ್ಲಿಸರಿನ್ ಬಾಟಲಿ ಅರವತ್ತು. ಟೀವಿಯಲ್ಲಿ ತೋರಿಸಿದ ನೈಟ್ ಕ್ರೀಮು ಆರುನೂರ ಐವತ್ತು. ಅದನ್ನು ಮಗಳು ಸ್ರವಂತಿ ಗದ್ವಾಲದಿಂದ ಕಳಿಸಿದ್ದಳು.

ಇಷ್ಟೆಲ್ಲ ಹಚ್ಚಿದ ಮೇಲೂ ಬೆಳಿಗ್ಗೆ ಎದ್ದರೆ ಬಸವೇಶ್ವರಿಯ ಮುಖ ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಬಿಗಿದುಕೊಂಡಿರುತ್ತಿತ್ತು. ಕೈಗಳ ಗತಿ ಅದಕ್ಕಿಂತ ಕೆಟ್ಟದು.

ವಯಸ್ಸು ಐವತ್ತೆರಡು. ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ನಾರಾಯಣಪೇಟೆಯ ಸೀರೆ ಅಂಗಡಿಯೊಂದರಲ್ಲಿ ರೇಷ್ಮೆ ಸೀರೆ ನೋಡಿ ಮಡಚುವ ಕೆಲಸ. ಮಗ್ಗದಿಂದ ಇಳಿದ ಸೀರೆಯ ಮೇಲೆ ಅಂಗೈ ಆಡಿಸಿ, ಎಲ್ಲಿ ಎಳೆ ಹರಿದಿದೆ, ಎಲ್ಲಿ ಗಂಟು ಉಳಿದಿದೆ ಎಂದು ಕಣ್ಣು ಮುಚ್ಚಿಯೇ ಹೇಳುತ್ತಿದ್ದಳು.

ಮುಟ್ಟು ನಿಂತ ವರ್ಷದಿಂದ ಚರ್ಮ ಒಣಗತೊಡಗಿತು. ಮಲಗಿ ಏಳುವಷ್ಟರಲ್ಲಿ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸಿಬಿರು! ಸೀರೆ ಮುಟ್ಟಿದರೆ 'ಸರ್ರ್' ಎಂದು ಎಳೆ ಸಿಕ್ಕಿಕೊಳ್ಳುತ್ತಿತ್ತು.

ತಪ್ಪು ಹುಡುಕುವ ಕೈಯೇ ಈಗ ತಪ್ಪು ಮಾಡುತ್ತಿತ್ತು.

ಆ ಸೋಮವಾರ ಫ್ಯಾನ್ಸಿ ಅಂಗಡಿಯಲ್ಲಿ ಅವಳು ಐದನೆಯದಕ್ಕೆ ಕೈ ಚಾಚಿದ್ದಳು.

"ಇದಿ ಕೊತ್ತದಿ ಅಮ್ಮಾ, ಹೊಸಾದು ಬಂದೈತಿ. ಒಂದ ವಾರದಾಗ ಇಪ್ಪತ್ತ ವರ್ಷ ಕಮ್ಮಿ!" ಎಂದ ಅಂಗಡಿಯವನು.

"ಹಂಗಾದ್ರ ನಂಗೂ ಎರಡು ಕೊಡಪ್ಪಾ. ನಲ್ವತ್ತ ವರ್ಷ ಕಮ್ಮಿ ಆಗಿ ಸಾಲಿಗೆ ಹೋಗ್ತೀನಿ."

ಯಾರಿದು?

ತಿರುಗಿ ನೋಡಿದಳು. ಹೆಗಲ ಮೇಲೆ ಕಂಬಳಿಗಳ ಗಂಟು, ನರೆತ ಮೀಸೆ, ಕಣ್ಣಲ್ಲಿ ನಗು. ಅವಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು.

"ನಿಮ್ಮನ್ನ ಯಾರ್ ಕೇಳಿದ್ರು?" ಅವಳ ದನಿ ಚುರುಕಾಯಿತು.

"ಯಾರೂ ಕೇಳಿಲ್ರೀ ಅಕ್ಕಾರ. ನಿಮ್ ಕೈ ನೋಡಿ ತಡ್ಯಾಕ ಆಗ್ಲಿಲ್ಲ. ಒಣ ಚರ್ಮದ ಮ್ಯಾಲೆ ಏನ್ ಸುರದ್ರೂ ಫಾಯ್ದೆ ಇಲ್ಲ. ಮೊದ್ಲು ನೀರು, ಆಮ್ಯಾಲೆ ಜಿಡ್ಡು."

ಅವಳು ಕೈಗಳನ್ನು ಚಟ್ಟನೆ ಸೆರಗಿನೊಳಗೆ ಅಡಗಿಸಿಕೊಂಡಳು. ಅವನು ತನ್ನ ಅಂಗೈ ತೆರೆದು ತೋರಿಸಿದ.

ಬಿಸಿಲಿಗೆ ಸುಟ್ಟ ಮುಖ, ಆದರೆ ಅಂಗೈ...! ಎಳೆ ಮಗುವಿನ ಕೆನ್ನೆಯ ಹಾಗಿತ್ತು.

"ನಲ್ವತ್ತ ವರ್ಷ ಕುರಿ ಉಣ್ಣೆ ಕತ್ತರಿಸೀನ್ರಿ. ಉಣ್ಣೆ ಜಿಡ್ಡು ಕೈಗೆ ಹತ್ತತೈತಿ. ಕುರಿ ಕೊಟ್ಟ ಕ್ರೀಮು!"

ಬೇಡವೆಂದರೂ ಬಸವೇಶ್ವರಿಗೆ ನಗು ಬಂತು. ನಕ್ಕಾಗ ಒಣ ತುಟಿ ಬಿರಿದು ಉರಿಯಿತು. ಅಷ್ಟು ದಿನದಿಂದ ನಕ್ಕೇ ಇರಲಿಲ್ಲವೇನೋ!

ಅವನ ಹೆಸರು ಬೀರಲಿಂಗಪ್ಪ. ಊರು ಮಕ್ತಲ್. ಹೆಂಡತಿ ಇಲ್ಲ. ಪ್ರತಿ ಸೋಮವಾರ ಕಂಬಳಿ ಮಾರಲು ನಾರಾಯಣಪೇಟೆಗೆ ಬರುತ್ತಿದ್ದ.

ಮುಂದಿನ ಸೋಮವಾರ ಅವಳ ಸೀರೆ ಅಂಗಡಿ ಕೇಳಿಕೊಂಡು ಬಂದು ಎದುರು ನಿಂತ. ಕೈಯಲ್ಲಿ ಪುಟ್ಟ ಸ್ಟೀಲ್ ಡಬ್ಬಿ.

"ಉಣ್ಣೆ ಕುದಿಸಿ, ಜಿಡ್ಡು ತಗದು, ಸೋಸಿ, ಮೂರ್ ಸಲ ತೊಳದೀನಿ. ಮೊದ್ಲು ಮಣಿಕಟ್ಟಿನ ಹತ್ರ ಜರಾ ಹಚ್ಚಿ ಒಂದ ದಿನ ನೋಡ್ರಿ. ಕೆರೀಲಿಲ್ಲ ಅಂದ್ರ ಸಂಜೀಕ ಭಾಂಡೆ ಕೆಲಸ ಮುಗಿದ ಮ್ಯಾಲೆ ಉಗುರುಬೆಚ್ಚಗಿನ ನೀರಾಗ ಕೈ ಮುಖ ತೊಳೀರಿ. ಸುಡೋ ನೀರ್ ಬ್ಯಾಡ, ಸಾಬೂನು ಬ್ಯಾಡ. ಪೂರಾ ಒರಸಬ್ಯಾಡ್ರಿ. ಹಸಿ ಇರೂವಾಗ್ಲೇ ಹೆಸರುಕಾಳಿನಷ್ಟು ಹಚ್ಚರಿ."

"ಎಷ್ಟು ಕೊಡ್ಲಿ?"

"ಕುರಿಗೆ ಕೊಡ್ರಿ, ನಂಗ್ಯಾಕ?"

ಒಳಗಿನಿಂದ ಮೊಗುಲಮ್ಮ ಕಿಸಕ್ಕನೆ ನಕ್ಕಳು. ಬಸವೇಶ್ವರಿಯ ಜೊತೆ ಸೀರೆ ಮಡಚುವವಳು ಅವಳು, ಬಾಯಿಗೆ ಬೀಗವಿಲ್ಲದವಳು.

"ಏಮಕ್ಕಾ, ನಾನೂ ಇಲ್ಲೇ ಇದ್ದೀನಲ್ಲ! ನನ್ನ ಕೈಯೇನ್ ಬೆಣ್ಣಿ ಐತೇನು? ನಂಗ್ಯಾಕ ಡಬ್ಬಿ ಬರ್ಲಿಲ್ಲ?"

"ಸುಮ್ನ ಮಡಚು!" ಎಂದಳು ಬಸವೇಶ್ವರಿ. ಆದರೆ ಕಿವಿ ಬಿಸಿಯಾಗಿತ್ತು.

ಅಂದಿನಿಂದ ಅವಳ ಸಂಜೆಗಳು ಬದಲಾದವು. ಮುಸುರೆ ತಿಕ್ಕಿ ಮುಗಿಸಿ, ಮುಖ ತೊಳೆದು, ಹಸಿ ಕೆನ್ನೆಯ ಮೇಲೆ ಬೆರಳು ಆಡಿಸುವಳು. ಡಬ್ಬಿ ತೆರೆದರೆ ಸಣ್ಣಗೆ ಉಣ್ಣೆಯ ವಾಸನೆ. ಬೀರಲಿಂಗಪ್ಪ ಪಕ್ಕದಲ್ಲೇ ಕುಳಿತ ಹಾಗೆ...

ಹತ್ತು ದಿನದಲ್ಲಿ ಕೆನ್ನೆಯ ಬಿಗಿ ಸಡಿಲಾಯಿತು. ಬೆರಳು ರೇಷ್ಮೆಯ ಮೇಲೆ ಮತ್ತೆ ಜಾರಿತು.

ಆದರೆ ಡಬ್ಬಿ ಅರ್ಧಕ್ಕೆ ಇಳಿದಿತ್ತು!

'ಮುಗಿದರೆ? ಮತ್ತೆ ಕೇಳಬೇಕು. ಈ ವಯಸ್ಸಿನಲ್ಲಿ ಯಾವ ಬಾಯಿಂದ ಕೇಳಲಿ? ಕೇಳಿದರೆ ಮನಸ್ಸು ಗೊತ್ತಾಗಿಬಿಡುತ್ತದೆ...'

ಅಂದಿನಿಂದ ಅವಳು ಹಚ್ಚುವುದನ್ನೇ ಬಿಟ್ಟಳು. ಸಂಜೆಗೊಮ್ಮೆ ಮುಚ್ಚಳ ತೆರೆದು ಮೂಸಿ, ಮುಚ್ಚಿಡುವಳು. ಅಷ್ಟೇ.

ಪ್ರತಿ ಸೋಮವಾರ ಅವನು ಕೇಳುವನು. "ಮುಗೀತೇನ್ರೀ ಅಕ್ಕಾರ?"

"ಇನ್ನೂ ಐತ್ರಿ."

"ಓ... ಐತಾ?" ಎನ್ನುವನು ಅವನು. ಹೆಗಲ ಚೀಲವನ್ನು ಒಮ್ಮೆ ಮುಟ್ಟಿಕೊಂಡು ಹೊರಟುಹೋಗುವನು.

ಆ 'ಅಕ್ಕಾರ' ಎಂಬ ಮಾತು ಮಾತ್ರ ಅವಳ ಎದೆಗೆ ಪ್ರತಿ ಸಲವೂ ಸಣ್ಣಗೆ ಚುಚ್ಚುತ್ತಿತ್ತು.

ಒಂದು ದಿನ ಸ್ರವಂತಿಯನ್ನು ನೋಡಲು ಗದ್ವಾಲಕ್ಕೆ ಹೊರಟಳು. ಮಕ್ತಲಿನಲ್ಲಿ ಬಸ್ಸು ಬದಲಿಸಬೇಕು. ನೂಕುನುಗ್ಗಲಿನ ನಡುವೆ ಫುಟ್‌ಬೋರ್ಡಿನ ಮೇಲೆ ಕಂಡವನು ಬೀರಲಿಂಗಪ್ಪ! ಜೂರಾಲದ ಕಡೆ ಮೇಯುತ್ತಿದ್ದ ಕುರಿ ನೋಡಲು ಹೊರಟಿದ್ದ. ಅವಳನ್ನು ಕಂಡವನೇ ಮುಖವೆಲ್ಲ ಅರಳಿಸಿ ಕೈ ಚಾಚಿದ.

"ಬರ್ರಿ, ಬರ್ರಿ! ಕೈ ಕೊಡ್ರಿ!"

ಅವಳ ಕೈ ತಾನಾಗಿಯೇ ಎದ್ದಿತು. ಎದ್ದ ಕೈಯನ್ನು ಅವಳೇ ನೋಡಿದಳು. ತಿಂಗಳಿಂದ ಜಿಡ್ಡು ಕಾಣದ ಕೈ. ಬೆರಳ ಸಂದಿನಲ್ಲಿ ಬಿರುಕು, ಅಂಗೈಯಲ್ಲಿ ಬಿಳಿ ಹೊಟ್ಟು.

'ಇಂಥ ಕೈಯನ್ನು ಆ ಮೆತ್ತನೆಯ ಕೈಯೊಳಗೆ ಹೇಗಿಡಲಿ?'

ಕೈ ಹಿಂದಕ್ಕೆ ಎಳೆದುಕೊಂಡಳು. ಸೆರಗಿನೊಳಗೆ ಮುಚ್ಚಿಕೊಂಡಳು. ಕಂಬಿ ಹಿಡಿದು ತಾನೇ ಹತ್ತಿದಳು.

ಅವನ ನಗು ಹಾಗೆಯೇ ಆರಿಹೋಯಿತು. ತನ್ನ ಕೈಯನ್ನು ತಾನೇ ಒಮ್ಮೆ ನೋಡಿಕೊಂಡ. ಧೋತರಕ್ಕೆ ಒರೆಸಿಕೊಂಡ. ಹಿಂದಿನ ಸೀಟಿಗೆ ಹೋಗಿ ಕುಳಿತ. ಜೂರಾಲದಲ್ಲಿ ಇಳಿಯುವಾಗಲೂ ತಿರುಗಿ ನೋಡಲಿಲ್ಲ.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

'ನನ್ನ ಕೈ ನೋಡಿ ಹೇಸಿಕೊಂಡ' ಎಂದುಕೊಂಡಳು ಬಸವೇಶ್ವರಿ. 'ಮುದುಕಿಯ ಕೈ... ತಪ್ಪೇನಿದೆ ಅವನದು?'

ಸಂಜೆಯಾದರೆ ಕಾಲು ತಾನಾಗಿ ಬಚ್ಚಲಿಗೆ ಹೋಗುತ್ತಿತ್ತು. ಮುಖ ತೊಳೆದು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುವಳು. ಮುಖದ ನೀರು ಹಾಗೇ ಆರುತ್ತಿತ್ತು. ಚರ್ಮ ಬಿಗಿಯುತ್ತಿತ್ತು. ಅವಳು ಹಚ್ಚುತ್ತಿರಲಿಲ್ಲ.

ಬೆರಳು ಮತ್ತೆ ರೇಷ್ಮೆಗೆ ಸಿಕ್ಕಿಕೊಳ್ಳತೊಡಗಿತು. ಎರಡು ಸೀರೆ ಕೆಟ್ಟವು. ಅಂಗಡಿಯ ಸೇಠ್ ಬೈಯಲಿಲ್ಲ, "ನಾಳಿಂದ ಹತ್ತಿ ಸೀರಿ ಕಡೆ ಕೂಡ್ರಿ ಅಮ್ಮಾ" ಎಂದ. ಸಂಬಳದಲ್ಲಿ ಸಾವಿರದ ಐನೂರು ಕಡಿಮೆಯಾಯಿತು. ಆಶ್ಚರ್ಯವೆಂದರೆ, ಅವಳಿಗೆ ಅದು ಅಷ್ಟು ನೋಯಲಿಲ್ಲ. ಐದು ಸೋಮವಾರ ಖಾಲಿ ಹೋದದ್ದೇ ನೋಯುತ್ತಿತ್ತು.

ಆರನೆಯ ಸೋಮವಾರ ಮೊಗುಲಮ್ಮ ಹೊಸ ಕಂಬಳಿ ಹೊದ್ದು ಬಂದಳು.

"ಮಕ್ತಲ್‌ಗೆ ಹೋಗಿದ್ದೆ. ನಿನ್ನ ಡಬ್ಬಿಯಪ್ಪ ಸಿಕ್ಕಿದ್ದ."

ಬಸವೇಶ್ವರಿಯ ಕೈ ಮಡಿಕೆಯ ಮೇಲೆ ನಿಂತಿತು.

"ಯಾಕ್ ಬರವಲ್ರಿ ಅಂತ ಕೇಳಿದೆ. 'ನಾವು ಕುರಿ ಕಾಯೋರು, ನಮ್ಮ ಮೈಗೆ ಕುರಿ ವಾಸನಿ ಇರ್ತೈತಿ. ರೇಷ್ಮಿ ಮುಟ್ಟೋರಿಗೆ ಕೈ ಚಾಚಿದ್ದು ನಂದ ತಪ್ಪು. ಅವ್ರು ಕೈ ಎಳಕೊಂಡ್ರು, ನಂಗ ತಿಳೀತು' ಅಂದ. ಖರೆ ಏನಕ್ಕಾ? ವಾಸನಿ ಅಂತ ಎಳಕೊಂಡ್ಯಾ?"

"ವಾಸನಿ...?"

ಆ ವಾಸನೆಗಾಗಿಯೇ ಅಲ್ಲವೇ ಅವಳು ಸಂಜೆ ಸಂಜೆ ಮುಚ್ಚಳ ತೆಗೆದು ಕುಳಿತದ್ದು!

ಮಡಚುತ್ತಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದಳು.

"ಎಲ್ಲಿಗಕ್ಕಾ?"

"ಮಕ್ತಲ್‌ಗೆ."

"ಹೋಗು, ಹೋಗು! ಸೇಠ್ ಕೇಳಿದ್ರ ಹೊಟ್ಟಿ ನೋವು ಅಂತೀನಿ!"

ಬಸವೇಶ್ವರಿ ಮನೆಗೆ ಓಡಿ ಡಬ್ಬಿ ತೆಗೆದುಕೊಂಡು ಬಸ್ಸು ಹತ್ತಿದಳು.

ಮಕ್ತಲ್‌ನಲ್ಲಿ ಮನೆ ಕೇಳಿಕೊಂಡು ಹೋಗುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಬೀರಲಿಂಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದ. ಅವಳನ್ನು ನೋಡಿ ಗಾಬರಿಯಾಗಿ ಎದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಅಕ್ಕಾರ... ನೀವು ಇಲ್ಲಿ..."

ಅವಳು ಡಬ್ಬಿಯನ್ನು ಅವನ ಮುಂದೆ ಇಟ್ಟಳು. ಅವನು ಮುಚ್ಚಳ ತೆರೆದು ನೋಡಿ ತಲೆ ತಗ್ಗಿಸಿದ.

"ಅರ್ಧ ಹಂಗೇ ಐತಿ. ನಂಗ್ ಅವತ್ತೇ ತಿಳೀತ್ರಿ. ವಾಸನಿ ತಡ್ಕೊಳಾಕ ಆಗಿಲ್ಲ ನಿಮ್ಗ. ತಿರುಗಿ ಕೊಡಾಕ ಇಷ್ಟ್ ದೂರ ಬಂದ್ರಿ..."

"ಮುಗೀಬಾರ್ದು ಅಂತ ಹಚ್ಚಲಿಲ್ರಿ!"

ಮಾತು ಬಾಯಿಂದ ಜಾರಿಬಿಟ್ಟಿತ್ತು.

"ಏನಂದ್ರಿ?"

"ಇದು ಮುಗದ್ರ ಮತ್ತ ಕೇಳಬೇಕು. ಕೇಳಾಕ ನಾಚಿಕಿ. ಅದಕ ದಿನಾ ಬರೇ ವಾಸನಿ ನೋಡಿ ಮುಚ್ಚಿ ಇಡ್ತಿದ್ದೆ." ಅವಳು ಎರಡೂ ಕೈ ಬಿಚ್ಚಿ ಅವನ ಕಣ್ಣೆದುರು ಹಿಡಿದಳು. ಬಿರುಕು, ಹೊಟ್ಟು, ಎಲ್ಲವನ್ನೂ. "ನೋಡ್ರಿ! ಬಸ್ಸಿನಾಗ ಇದಕ್ಕ ನಾಚಿ ಎಳಕೊಂಡೆ. ನಿಮ್ಮ ಕೈಗಲ್ಲ!"

ಬೀರಲಿಂಗಪ್ಪ ಆ ಕೈಗಳನ್ನು ನೋಡಿದ. ಆಮೇಲೆ ಗೂಟಕ್ಕೆ ನೇತುಹಾಕಿದ್ದ ಚೀಲದಿಂದ ಇನ್ನೊಂದು ಡಬ್ಬಿ ತೆಗೆದ. ತುಂಬಿದ ಡಬ್ಬಿ.

"ಪ್ರತಿ ಸೋಮವಾರ ಇದನ್ನ ಹೊತ್ಕೊಂಡು ಬರ್ತಿದ್ದೆ. ಅದು ಮುಗೀಲಿ, ಇದನ್ನ ಕೊಡಾಕ ನೆಪ ಸಿಗ್ಲಿ ಅಂತ. ನೀವ್ ನೋಡಿದ್ರ, 'ಇನ್ನೂ ಐತ್ರಿ, ಇನ್ನೂ ಐತ್ರಿ' ಅಂತಿದ್ರಿ!"

ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು.

ಅವನು ಒಳಗಿನಿಂದ ಬೋಗುಣಿಯಲ್ಲಿ ಬೆಚ್ಚನೆಯ ನೀರು ತಂದ. ಅವಳ ಕೈಗಳನ್ನು ಅದರೊಳಗೆ ಮೆಲ್ಲನೆ ಅದ್ದಿದ. ಒರೆಸದೆ, ಹಸಿಯಿರುವಾಗಲೇ, ಜಿಡ್ಡನ್ನು ತನ್ನ ಅಂಗೈಯಲ್ಲಿ ಕಾಯಿಸಿ, ಒಂದೊಂದೇ ಬೆರಳಿಗೆ ಹಚ್ಚಿದ.

ಹದಿನಾಲ್ಕು ವರ್ಷದಲ್ಲಿ ಆ ಕೈಗಳನ್ನು ಯಾರೂ ಹೀಗೆ ಹಿಡಿದಿರಲಿಲ್ಲ.

"ಜನ ಏನಂತಾರ?" ಎಂದ ಅವನು, ತಲೆ ಎತ್ತದೆ.

"ಜನ ಬಂದು ನನ್ನ ಕೈಗೆ ಜಿಡ್ಡು ಹಚ್ತಾರೇನ್ರಿ?"

"ನಿಮ್ಮ ಮಗಳು?"

"ಸ್ರವಂತಿಗೆ ನಾನ ಹೇಳ್ತೀನಿ. ನೀವು ಒಂದ ಮಾತು ನಡಸ್ರಿ. ನನ್ನ ಅಕ್ಕಾರ ಅನಬ್ಯಾಡ್ರಿ."

"ಮತ್ತ ಏನನ್ಲಿ?"

"ಹೆಸರಿಲ್ಲೇನು ನಂಗ?"

ಅವನು ಗಂಟಲು ಸರಿಮಾಡಿಕೊಂಡ. ಐವತ್ತಾರು ವರ್ಷದ ಗಂಡಸು ಸಾಲೆಯ ಹುಡುಗನ ಹಾಗೆ ತಡವರಿಸಿದ.

"ಬಸವೇಶ್ವರಿ..."

ಗಾಳಿ ತಣ್ಣಗಾಗಿತ್ತು. ಅವನು ತನ್ನ ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿದ. ಅದನ್ನು ಎಳೆದುಕೊಳ್ಳಲು ಹೋದ ಅವಳ ಬೆರಳು ಉಣ್ಣೆಯ ಎಳೆಗೆ ಸಿಕ್ಕಿಕೊಂಡಿತು.

"ಅಯ್ಯ, ಇಲ್ಲೂ ಸಿಕ್ಕೊಂತು ನೋಡ್ರಿ!"

"ಇರ್ಲಿ," ಎಂದ ಬೀರಲಿಂಗಪ್ಪ. "ಬಿಡಿಸಬ್ಯಾಡ."

ಬಸವೇಶ್ವರಿಗೆ ರೇಷ್ಮೆಯ ಕೆಲಸ ಮತ್ತೆ ಸಿಗಲಿಲ್ಲ; ಐದು ಸೋಮವಾರಗಳೂ ತಿರುಗಿ ಬರಲಿಲ್ಲ. ಆದರೆ ಸಂಜೆ ಕೈ ತೊಳೆದ ಮೇಲೆ ಆ ಕೈ ಹಿಡಿಯುವವರು ಸಿಕ್ಕರು.