ಮನವಿಯ ಮೂರನೇ ಪ್ಯಾರಾ

"ರೀ, ನೀವೂ ಫೆಲೋಶಿಪ್ ತಗೊಳ್ಳೋರಲ್ವಾ? ನೀವು ಇಲ್ಲಿ ಕೆಲಸ ಮಾಡೋ ಹಾಗೇ ಇಲ್ಲವಲ್ರೀ!"

ಕೃಷ್ಣಮೂರ್ತಿಪುರಂನ ಆ ಪುಟ್ಟ ಡಿಟಿಪಿ ಅಂಗಡಿಯಲ್ಲಿ ಮಾತು ಮೂಲೆ ಮೂಲೆಗೂ ಕೇಳಿಸಿತು. ಕೀಬೋರ್ಡಿನ ಮೇಲಿದ್ದ ಭಾನುಪ್ರಿಯಾಳ ಬೆರಳುಗಳು ಅಲ್ಲೇ ನಿಂತುಬಿಟ್ಟವು. ಜೆರಾಕ್ಸ್ ಮಾಡಿಸಲು ಬಂದಿದ್ದ ಇಬ್ಬರು ತಿರುಗಿ ನೋಡಿದರು.

'ಅಯ್ಯೋ ದೇವರೇ... ಇವನ ಬಾಯಿ ಮುಚ್ಚಿಸೋರು ಯಾರೂ ಇಲ್ವಾ!'

"ಸ್ವಲ್ಪ ಮೆತ್ತಗೆ ಮಾತಾಡ್ತೀರಾ?" ಹಲ್ಲು ಕಚ್ಚಿಕೊಂಡು ಹೇಳಿದಳು. "ಅಧ್ಯಾಯ ಟೈಪ್ ಮಾಡಿಸೋಕೆ ಬಂದಿದೀರ, ಮಾಡಿಸ್ಕೊಂಡು ಹೋಗಿ. ಮೊದಲು ನಿಮ್ಮ ಅಡಿಟಿಪ್ಪಣಿ ಸರಿ ಮಾಡ್ಕೊಳ್ಳಿ. ಹನ್ನೆರಡು ಆದ್ಮೇಲೆ ಹದಿನೈದು ಬಂದಿದೆ. ಹದಿಮೂರು, ಹದಿನಾಲ್ಕು ಎಲ್ಲಿ ಹೋದ್ವು? ಊಟಕ್ಕಾ?"

ಅವನು ಹಾಳೆ ನೋಡಿದ. ಅವಳ ಮುಖ ನೋಡಿದ. ಆಮೇಲೆ ನಕ್ಕುಬಿಟ್ಟ.

"ಸಿದ್ದೇಶ್ ಅಂತ. ಇತಿಹಾಸ ವಿಭಾಗ. ಸ್ಕಾಲರ್‌ಶಿಪ್ ಸೆಕ್ಷನ್ ಮುಂದೆ ಕ್ಯೂನಲ್ಲಿ ನಿಮ್ಮನ್ನ ನೋಡಿದ್ದೆ." ಈಗ ಅವನ ದನಿ ತಾನೇ ತಗ್ಗಿತ್ತು. "ತಪ್ಪು ತಿಳ್ಕೋಬೇಡಿ. ನನಗೂ ಎಂಟು ತಿಂಗಳಿಂದ ಬಂದಿಲ್ಲ."

ಎಂಟು ತಿಂಗಳು!

ಭಾನು ಪಿಎಚ್.ಡಿ. ಸೇರಿದ ದಿನವೇ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಟ್ಟಿದ್ದಳು. ಸಹಾಯಧನ ಪಡೆಯುವಷ್ಟು ಕಾಲ ಎಲ್ಲೂ, ಯಾವ ಕೆಲಸವನ್ನೂ ಮಾಡುವುದಿಲ್ಲ ಅಂತ. ಪ್ರತಿ ತಿಂಗಳು ಹಾಜರಾತಿಗೆ ಗೈಡ್ ಸಹಿ, ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ... ತನ್ನ ಕಡೆಯಿಂದ ಒಂದು ದಿನವೂ ತಡ ಮಾಡಿದವಳಲ್ಲ. ಆದರೆ ದುಡ್ಡು ಮಾತ್ರ ನಿಂತುಹೋಗಿತ್ತು. ಕೇಳಿದರೆ "ಅನುದಾನ ಬಂದಿಲ್ಲಮ್ಮ" ಅನ್ನುವ ಒಂದೇ ಉತ್ತರ.

ಉದಯಗಿರಿಯ ಬಾಡಿಗೆ ಮನೆಯಲ್ಲಿ ಅವ್ವ ದೇವಿರಮ್ಮ ಇಪ್ಪತ್ತು ವರ್ಷ ಊದುಬತ್ತಿ ಹೊಸೆದು ಮಗಳನ್ನು ಓದಿಸಿದ್ದಳು. ಈಗ ಅವಳ ಬಲತೋಳು ಮೇಲೇಳುತ್ತಿರಲಿಲ್ಲ. ತಟ್ಟೆ ಎತ್ತುವುದಕ್ಕೂ ಎಡಗೈ. ಅಪ್ಪ ಮಂಟಯ್ಯ ಹೋಗಿ ಆರು ವರ್ಷವಾಗಿತ್ತು. ಅಂಥ ಮನೆಯಲ್ಲಿ ಹುಡುಗಿಯೊಬ್ಬಳು ಮುಚ್ಚಳಿಕೆ ನೋಡುತ್ತಾ ಕೂರುವುದು ಹೇಗೆ? ಸಂಜೆ ಐದರಿಂದ ಎಂಟರವರೆಗೆ ಬೇರೆಯವರ ಥೀಸಿಸ್ ಟೈಪ್ ಮಾಡಲು ಕೂತಳು. ಯಾರಿಗೂ ಹೇಳದೆ.

"ಯಾರಿಗೂ ಹೇಳಬೇಡಿ... ಪ್ಲೀಸ್," ಅಂದಳು ಸಿದ್ದೇಶನಿಗೆ.

"ನಾನ್ಯಾಕೆ ಹೇಳ್ಲಿ ರೀ!"

ಆವತ್ತು ಅವನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ.

* * *

ಅಲ್ಲಿಂದಾಚೆ ಸಿದ್ದೇಶ ದಿನಾ ಬರತೊಡಗಿದ. ಕೈಯಲ್ಲಿ ಎರಡೇ ಎರಡು ಹಾಳೆ.

"ಏನಪ್ಪಾ, ನಿನ್ನ ಥೀಸಿಸ್ಸು ದಿನಕ್ಕೆ ಎರಡೇ ಪುಟ ಈಯುತ್ತಾ?" ಅಂಗಡಿಯ ಪಂಕಜಕ್ಕ ಗದರುತ್ತಿದ್ದಳು. "ಹಿಂಗಾದ್ರೆ ನಿನ್ನ ಮೊಮ್ಮಕ್ಕಳು ಬಂದು ಸಬ್ಮಿಟ್ ಮಾಡ್ಬೇಕಾಯ್ತದೆ!"

"ಮೊಮ್ಮಕ್ಕಳು ಬೇಕು ಅಂದ್ರೆ ಮೊದಲು ಒಂದು ಮದುವೆ ಆಗ್ಬೇಕಲ್ಲ ಅಕ್ಕಾ..."

ಭಾನು ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕಿವಿ ಮಾತ್ರ ಬಿಸಿಯಾಗುತ್ತಿತ್ತು.

'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಅಂತ ಇಬ್ಬರಿಗೂ ನೆನಪಿಲ್ಲ. ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಅವನು ನೇರವಾಗಿ ಹೇಳಿಬಿಟ್ಟ.

"ಭಾನು, ನೀನಂದ್ರೆ ನಂಗೆ ಇಷ್ಟ ಕಣೇ."

ಅವಳು ಬಸ್ಸು ಬರುವ ದಿಕ್ಕಿಗೆ ತಿರುಗಿದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

"ಮೊದಲು ಫೆಲೋಶಿಪ್ ಬರ್ಲಿ. ಅವ್ವನ ತೋಳು ತೋರಿಸ್ಬೇಕು. ಆಮೇಲೆ ಮಿಕ್ಕಿದ್ದು."

"ಆಯ್ತು," ಅಂದ ಅವನು. "ಹಂಗಾದ್ರೆ ಮೊದಲು ಫೆಲೋಶಿಪ್ ಬರಿಸ್ತೀನಿ."

ಮಾರನೇ ದಿನದಿಂದಲೇ ಓಡಾಟ ಶುರುವಾಯಿತು. ತಾನೂ ಸೇರಿ ಮೂವತ್ತೊಂದು ಜನ ಸಂಶೋಧನಾ ವಿದ್ಯಾರ್ಥಿಗಳನ್ನು ಒಟ್ಟು ಮಾಡಿದ. ತಾನೇ ಕೂತು ಮೇಲಿನವರಿಗೊಂದು ಮನವಿ ಬರೆದ. ಸಹಿಗೆ ಅಂತ ಬೇರೆ ಹಾಳೆ ಮಾಡಿ ವಿಭಾಗದಿಂದ ವಿಭಾಗಕ್ಕೆ ಕಳಿಸಿದ. ಆ ಹಾಳೆ ಭಾನುವಿನ ಕೈಗೂ ಬಂತು.

ದಿನವಿಡೀ ಬೇರೆಯವರ ಬರಹದಲ್ಲಿ ತಪ್ಪು ಹುಡುಕುವ ಹುಡುಗಿ, ಆವತ್ತು ಮೇಲಿನ ಪುಟಗಳು ಎಲ್ಲಿ ಅಂತ ಕೇಳಲಿಲ್ಲ.

'ಸಿದ್ದೇಶ್ ಬರೆದಿರೋದಲ್ವಾ... ಸರಿಯಾಗೇ ಇರುತ್ತೆ.'

ಸಹಿ ಹಾಕಿದಳು.

* * *

ಮೂರು ವಾರಕ್ಕೆ ನೋಟಿಸ್ ಬಂತು. ಅವಳೊಬ್ಬಳಿಗೇ!

ಷರತ್ತು ಉಲ್ಲಂಘಿಸಿ ಖಾಸಗಿ ಕೆಲಸ ಮಾಡಿರುವುದು ಕಂಡುಬಂದಿದೆ. ಸಹಾಯಧನ ತಡೆಹಿಡಿಯಲಾಗಿದೆ. ಈವರೆಗೆ ಪಡೆದ ಮೊತ್ತವನ್ನು ಏಕೆ ವಾಪಸು ಕಟ್ಟಿಸಿಕೊಳ್ಳಬಾರದು ಎಂಬುದಕ್ಕೆ ಹದಿನೈದು ದಿನದೊಳಗೆ ಉತ್ತರಿಸಿ...

ಭಾನು ನೋಟಿಸ್ ಹಿಡಿದು ಸ್ಕಾಲರ್‌ಶಿಪ್ ಸೆಕ್ಷನ್ನಿಗೆ ಓಡಿದಳು. ಅಲ್ಲಿನ ಸೂಪರಿಂಟೆಂಡೆಂಟ್ ಇಂದ್ರಮ್ಮ ಒಳ್ಳೆಯ ಹೆಂಗಸು. ಕೂರಿಸಿ, ನೀರು ಕೊಟ್ಟು, ಫೈಲು ತೆಗೆದಳು.

"ಯಾರೂ ದೂರು ಕೊಟ್ಟಿಲ್ಲ ಕಣಮ್ಮ. ನಿಮ್ಮ ಮನವಿಯಲ್ಲೇ ಇದೆ. ಮೂರನೇ ಪ್ಯಾರಾ ನೋಡು."

ಭಾನು ಓದಿದಳು.

'ಸಮಾಜಶಾಸ್ತ್ರ ವಿಭಾಗದ ಭಾನುಪ್ರಿಯಾ ಎಂ. ಅವರು ಹಗಲೆಲ್ಲ ಊದುಬತ್ತಿ ಹೊಸೆಯುವ ಹೆಂಗಸರ ಕಷ್ಟ ಬರೆದುಕೊಳ್ಳುತ್ತಾರೆ. ಸಂಜೆ ಡಿಟಿಪಿ ಅಂಗಡಿಯಲ್ಲಿ ಬೇರೆಯವರ ಪ್ರಬಂಧ ಟೈಪ್ ಮಾಡಿ ತಾಯಿಗೆ ಔಷಧಿ ತರುತ್ತಾರೆ. ಮೈಸೂರಿನಲ್ಲಿ ಎಲ್ಲರ ಪ್ರಬಂಧವೂ ಮುಗಿಯುತ್ತಿದೆ, ಅವರದೊಂದನ್ನು ಬಿಟ್ಟು.'

ಎಷ್ಟು ಚೆನ್ನಾಗಿತ್ತು ಆ ಪ್ಯಾರಾ! ಓದಿದ ಯಾರ ಕರುಳಾದರೂ ಚುರ್ ಅನ್ನಬೇಕು. ಆದರೆ ಆಫೀಸಿನಲ್ಲಿ ಯಾರೋ 'ಡಿಟಿಪಿ ಅಂಗಡಿಯಲ್ಲಿ' ಅನ್ನುವ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಅಷ್ಟೇ. ಬೇರೆ ಯಾವುದರ ಕೆಳಗೂ ಗೆರೆ ಇರಲಿಲ್ಲ.

"ಕೊನೇಲಿ ನಿನ್ನ ಸಹಿ ಬೇರೆ ಇದೆ," ಇಂದ್ರಮ್ಮ ಮೆಲ್ಲಗೆ ಹೇಳಿದಳು. "ನೀನೇ ಒಪ್ಪಿಕೊಂಡ ಹಾಗಾಯ್ತಲ್ಲಮ್ಮ..."

* * *

ಗ್ರಂಥಾಲಯದ ಮೆಟ್ಟಿಲ ಮೇಲೆ ಸಿದ್ದೇಶ ಸಿಕ್ಕ. ನೋಟಿಸ್ ಓದುತ್ತಾ ಓದುತ್ತಾ ಅವನ ಮುಖ ಬಿಳಿಚಿಕೊಂಡಿತು.

"ಭಾನು... ನಿನ್ನ ಕಷ್ಟ ಗೊತ್ತಾದ್ರೆ ಬೇಗ ದುಡ್ಡು ಬಿಡ್ತಾರೆ ಅಂದ್ಕೊಂಡೆ. ನಂಗೆ ಇದು ಹೊಳೀಲೇ ಇಲ್ಲ..."

"ಹೊಳೀಲಿಲ್ವಾ? ಮೊದಲನೇ ದಿನ ಬಂದು 'ಕೆಲಸ ಮಾಡೋ ಹಾಗಿಲ್ಲ' ಅಂತ ಕೂಗಿದೋನು ನೀನೇ ಅಲ್ವಾ!"

ಅವನು ನೋಟಿಸನ್ನು ಮಡಚಿ ಅವಳ ಕೈಗೆ ಕೊಟ್ಟ.

"ಮೂವತ್ತೊಂದು ಜನದಲ್ಲಿ ನಾನೊಬ್ಳೇ ಕಂಡ್ನಾ ನಿಂಗೆ ಬರೆಯೋಕೆ?"

"ಬರೆಯೋಕೆ ಕೂತ್ರೆ ನೀನೊಬ್ಳೇ ಕಾಣ್ತಿದ್ದೆ..."

ಬೇರೆ ಯಾವ ಹೊತ್ತಿನಲ್ಲಾದರೂ ಈ ಮಾತಿಗೆ ಅವಳು ಕರಗಿಹೋಗುತ್ತಿದ್ದಳು. ಈಗ ಅದು ಉರಿಯುವ ಗಾಯಕ್ಕೆ ಖಾರ ಎರಚಿದಂತಾಯಿತು.

"ಚೆನ್ನಾಗಿ ಬರ್ದಿದೀಯಾ. ನಮ್ಮನೆ ಬಡತನಾನ ಬಲೇ ಚೆನ್ನಾಗಿ ಬರ್ದಿದೀಯಾ! ಒಂದು ಮಾತು, ಒಂದೇ ಒಂದು ಮಾತು ನನ್ನ ಕೇಳ್ಬೇಕು ಅನ್ನಿಸ್ಲಿಲ್ವಲ್ಲ ನಿಂಗೆ? ಇನ್ಮೇಲೆ ನನ್ನ ಕಣ್ಮುಂದೆ ಬರ್ಬೇಡ!"

ಹೊರಟುಹೋದಳು. ಅವನು ಹಿಂದೆ ಬರಲಿಲ್ಲ. ಬಂದಿದ್ದರೆ ಇನ್ನೂ ಬೈಯುತ್ತಿದ್ದಳು. ಬರಲಿಲ್ಲವಲ್ಲ ಅಂತ ದಾರಿಯುದ್ದಕ್ಕೂ ಅತ್ತಳು.

"ಯಾಕ್ ಮಗಾ, ಅನ್ನ ಅಂಗೇ ಬುಟ್ಟಿದೀಯಾ?" ಅವ್ವ ಕೇಳಿದಳು.

"ಹಸಿವಿಲ್ಲ ಕಣವ್ವಾ."

ದೇವಿರಮ್ಮ ಎಡಗೈಯಲ್ಲೇ ಒಂದು ತುತ್ತು ಕಲಸಿ ಮಗಳ ಬಾಯ ಹತ್ತಿರ ಹಿಡಿದಳು. ಭಾನು ಬಾಯಿ ತೆರೆದಳು.

* * *

ವಿಚಾರಣೆಯ ದಿನ. ಮೇಜಿನ ಆಚೆ ಮೂವರು ಅಧಿಕಾರಿಗಳು. ಭಾನು ರಾತ್ರಿಯೆಲ್ಲ ಕೂಡಿಟ್ಟ ಉತ್ತರಗಳನ್ನು ಹೊತ್ತು ಬಂದಿದ್ದಳು. ಯಾವುದೂ ಬೇಕಾಗಲಿಲ್ಲ.

"ಸಿದ್ದೇಶ್ ಅನ್ನೋರು ಬರೆದುಕೊಟ್ಟಿದಾರೆ," ಹಿರಿಯ ಅಧಿಕಾರಿ ಕನ್ನಡಕ ಏರಿಸಿ ಓದಿದರು. "ಮೂರನೇ ಪ್ಯಾರಾ ಪೂರ್ತಿ ನನ್ನ ಕಲ್ಪನೆ. ಮನವಿಗೆ ಬಲ ಬರಲಿ ಎಂದು ಸುಳ್ಳು ಸೇರಿಸಿದ್ದೇನೆ. ಆಕೆ ಓದದೆ ಸಹಿ ಮಾಡಿದ್ದಾರೆ." ಅವರು ತಲೆ ಎತ್ತಿದರು. "ಇದು ನಿಜ ಅಂತ ನೀವು ಇಲ್ಲಿ ಸಹಿ ಹಾಕಿದ್ರೆ ನಿಮ್ಮ ವಿಷಯ ಮುಗೀತು."

"ಹಾಕಿದ್ರೆ... ಅವರಿಗೆ ಏನಾಗುತ್ತೆ ಸರ್?"

"ಅದು ಬೇರೆ ವಿಷಯ."

ಅವಳು ಪೆನ್ನು ಕೈಗೆ ತೆಗೆದುಕೊಂಡಳು.

'ಇಲ್ಲ ಸರ್, ಅದೆಲ್ಲ ನಿಜ. ನಾನು ಟೈಪ್ ಮಾಡಿದ್ದು ನಿಜ. ನೀವು ಹನ್ನೊಂದು ತಿಂಗಳು ದುಡ್ಡು ಕೊಡದೇ ಇದ್ದದ್ದೂ ನಿಜ...' ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

ಪೆನ್ನು ಕೆಳಗಿಟ್ಟಳು.

ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಇಂದ್ರಮ್ಮ ಕಣ್ಣಲ್ಲೇ ಬೇಡಿಕೊಂಡಳು. ಹಾಕು ಮಗಳೇ.

ಅವ್ವನ ತೋಳು ಕಣ್ಣಮುಂದೆ ಬಂತು. ಈವರೆಗೆ ಪಡೆದದ್ದನ್ನೆಲ್ಲ ವಾಪಸು ಕಟ್ಟಬೇಕು ಅಂದರೆ ಆ ತೋಳು ಮತ್ತೆ ಊದುಬತ್ತಿಯ ಮಣೆಗೆ ಹೋಗಬೇಕು.

ಭಾನು ಪೆನ್ನು ಎತ್ತಿಕೊಂಡು ಸಹಿ ಹಾಕಿದಳು. ಈ ಸಲ ಪ್ರತಿ ಅಕ್ಷರವನ್ನೂ ಓದಿ.

* * *

ಮುಂದಿನ ತಿಂಗಳು ದುಡ್ಡು ಬಂತು. ಸಿದ್ದೇಶನನ್ನು ಬಿಟ್ಟು ಮಿಕ್ಕ ಮೂವತ್ತು ಜನಕ್ಕೂ ಬಂತು. ಮನವಿಯಿಂದ ಮೂರನೇ ಪ್ಯಾರಾ ಹೊಡೆದುಹಾಕಿದ್ದರು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಸಿದ್ದೇಶನೊಬ್ಬನ ಸಹಾಯಧನ ರದ್ದಾಯಿತು. ಅವನು ಒಟ್ಟು ಮಾಡಿದ್ದ ಹುಡುಗರೇ "ಆ ಸುಳ್ಳುಬುರುಕನಿಂದ ನಮ್ಮದೂ ಹೋಗ್ತಿತ್ತು" ಅಂತ ಕ್ಯಾಂಟೀನಿನಲ್ಲಿ ಆಡಿಕೊಂಡರು. ಪಕ್ಕದ ಮೇಜಿನಲ್ಲಿ ಭಾನು ಇದ್ದಳು. ಬಾಯಿ ತೆರೆಯುವಂತಿರಲಿಲ್ಲ. ಕಾಫಿ ಅಲ್ಲೇ ಬಿಟ್ಟು ಎದ್ದುಬಂದಳು.

ಅವ್ವನ ತೋಳಿಗೆ ಚಿಕಿತ್ಸೆ ಶುರುವಾಯಿತು. ನೋವು ಕಡಿಮೆಯಾಯಿತು ಅಂತ ಅವ್ವ ನಕ್ಕಾಗಲೆಲ್ಲ ಭಾನು ಎದ್ದು ಒಳಗೆ ಹೋಗುತ್ತಿದ್ದಳು.

ಎರಡು ತಿಂಗಳು ತಡೆದುಕೊಂಡಳು. ಆಮೇಲೆ ಆಗಲಿಲ್ಲ. ಅವ್ವನ ಮುಂದೆ ಎಲ್ಲವನ್ನೂ ಹೇಳಿಬಿಟ್ಟಳು.

ಮಾರನೇ ದಿನ, ನಜರ್‌ಬಾದಿನ ಒಂದು ಓಣಿ. ಬಿಸಿಲು ಏರುವ ಹೊತ್ತು. ಲಗೇಜ್ ಆಟೋದ ತುಂಬ ಕುಡಿಯುವ ನೀರಿನ ಕ್ಯಾನು. ಸಿದ್ದೇಶ ಒಂದನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಲು ಹೊರಟವನು ಅವಳನ್ನು ನೋಡಿ ನಿಂತ. ಸೊರಗಿಹೋಗಿದ್ದ. ಅಂಗಿ ಹೆಗಲ ಹತ್ತಿರ ಒದ್ದೆಯಾಗಿ ಸವೆದಿತ್ತು.

"ಇಲ್ಲಿದೀನಿ ಅಂತ ಯಾರು ಹೇಳಿದ್ರು?"

"ಇಂದ್ರಮ್ಮ ಮೇಡಂ. ಅವರ ಮನೆಗೂ ನೀನೇ ಅಂತೆ ನೀರು ಹಾಕೋದು."

"ಹ್ಞೂಂ. ಎರಡು ಕ್ಯಾನು, ವಾರಕ್ಕೆ." ಕ್ಯಾನು ಕೆಳಗಿಳಿಸಿದ. "ಅವ್ವನ ತೋಳು ತೋರಿಸಿದ್ಯಾ?"

"ತೋರಿಸ್ದೆ."

"ಮತ್ಯಾಕೆ ಮುಖ ಹಂಗಿದೆ?"

"ನಾನು ಸಹಿ ಹಾಕ್ಬಿಟ್ಟೆ ಸಿದ್ದೇಶ್... ನಿನ್ನ ಸುಳ್ಳುಗಾರ ಅಂತ ಒಪ್ಪಿ ಸಹಿ ಹಾಕ್ಬಿಟ್ಟೆ."

"ಹಾಕ್ಲಿ ಅಂತಾನೇ ಬರೆದುಕೊಟ್ಟಿದ್ದು."

"ಬೈಯೋ ನನ್ನ! ಒಂದ್ಸಲ ಬೈದ್ಬುಡು!"

ಅವನು ತೋಳಿನಿಂದ ಮುಖದ ಬೆವರು ಒರೆಸಿಕೊಂಡ.

"ಕೋಪ ಬಂದಿತ್ತು, ಇಲ್ಲ ಅನ್ನಲ್ಲ. ನಾನೇ ಬರೆದುಕೊಟ್ಟು, 'ಇವಳು ಸಹಿ ಹಾಕಲ್ಲ ಅಂತಾಳೆ' ಅಂತ ಒಳಗೊಳಗೇ ಆಸೆ ಇಟ್ಕೊಂಡಿದ್ದೆ. ಎಂಥಾ ಮನಸ್ಸು ನೋಡು ನಂದು."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳ ಕಣ್ಣು ತುಂಬಿ ಹರಿಯಿತು.

"ನಿನ್ನ ಥೀಸಿಸ್ಸು?"

"ಬರೀತೀನಿ. ನಿಧಾನಕ್ಕೆ. ಬೆಳಿಗ್ಗೆ ಹೊತ್ತು ಹೆಗಲು ನೋಯುತ್ತೆ, ಮಧ್ಯಾಹ್ನ ಪೆನ್ನು ಹಿಡಿಯೋಕಾಗುತ್ತೆ."

ಸಮಾಧಾನ ಹೇಳಲು ಅವಳಲ್ಲಿ ಏನೂ ಇರಲಿಲ್ಲ. ಹೋದ ಸಹಾಯಧನ ಹೋಯಿತು. ಅವನ ಹೆಸರಿಗೆ ಅಂಟಿದ ಮಾತು ಆ ಫೈಲಿನಲ್ಲಿ ಹಾಗೇ ಇರುತ್ತದೆ. ಇದ್ದದ್ದು ಒಂದೇ. ಇಷ್ಟು ದಿನ ನುಂಗಿಕೊಂಡಿದ್ದದ್ದು.

"ಆ ಪ್ಯಾರಾ ನಿಜ ಅಂತ ನಾನು ಯಾರ ಮುಂದೇನೂ ಹೇಳೋಕಾಗಲ್ಲ. ನಿನ್ನ ಮುಂದೆ ಮಾತ್ರ ಹೇಳ್ತೀನಿ. ಒಂದೊಂದು ಅಕ್ಷರಾನೂ ನಿಜ. ಮತ್ತೆ... ನೀನಂದ್ರೆ ನಂಗೆ ಪ್ರಾಣ ಕಣೋ. ಆ ಬಸ್‌ಸ್ಟಾಪಲ್ಲೇ ಹೇಳ್ಬೇಕಿತ್ತು."

ಸಿದ್ದೇಶ ಒಂದು ಹೆಜ್ಜೆ ಹತ್ತಿರ ಬಂದ.

"ಭಾನುವಾರ ಮನೆಗೆ ಬಾ ಅಂದವ್ಳೆ ಅವ್ವ," ಅವಳೇ ಮುಂದುವರಿಸಿದಳು.

"ಸುಳ್ಳುಗಾರನಿಗೆ ಹೆಣ್ಣು ಕೊಡ್ತಾರಾ?"

"ಸುಳ್ಳುಗಾರಿ ನಾನು ಕಣೋ. ಅವ್ವಂಗೆ ಗೊತ್ತು."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೆನ್ನೆ ಮುಟ್ಟಿದ. ತಕ್ಷಣ ಮೇಲೆ ನೋಡಿ ಕೈ ತೆಗೆದ.

"ಅಳ್ಬೇಡ ಕಣೇ... ಮೂರನೇ ಮಹಡಿ ಅಜ್ಜಿ ಬಗ್ಗಿ ನೋಡ್ತಾವ್ರೆ."

ಭಾನು ಆ ಕೈಯನ್ನು ಹಿಡಿದು ಮತ್ತೆ ತನ್ನ ಕೆನ್ನೆಗೆ ಒತ್ತಿಕೊಂಡಳು.

"ನೋಡ್ಲಿ ಬುಡು."