ಮೂರನೇ ಕರಾರಿನ ಕಳ್ಳ

ಸುಭದ್ರಾ ಗೋರ್ವಾ ಬಡಾವಣೆಯ ತನ್ನ ಬಾಲ್ಕನಿಯಲ್ಲಿ ನಿಂತು ಒಮ್ಮೆ ಮೂಗೇರಿಸಿದರೆ ಸಾಕು, ಅತ್ತ ಸೂರತ್‌ನಲ್ಲಿ ಸುಳ್ಳು ಹೇಳುತ್ತಿದ್ದವನಿಗೆ ಸೀನು ಬರುತ್ತಿತ್ತು. ಅಹಮದಾಬಾದಿನವನಾದರೆ ಬಿಕ್ಕಳಿಕೆ. ಅವಳ ಗಂಡ ಹಾಲೇಶ ವಡೋದರಾದ ಕನ್ನಡಿಗರ ಪ್ರತಿ ಕೂಟದಲ್ಲೂ ಎದೆ ತಟ್ಟಿ ಹೇಳುತ್ತಿದ್ದ ಮಾತು ಇದು. ನಂಬಿದವರು ಯಾರೂ ಇರಲಿಲ್ಲ. ಕೇಳದೆ ಎದ್ದುಹೋದವರೂ ಇರಲಿಲ್ಲ.

ಸುಭದ್ರಾ ಇದ್ದದ್ದು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ. ದಾವಣಗೆರೆಯಿಂದ ವರ್ಗವಾಗಿ ಬಂದ ಮೇಲೆ ಸುಟ್ಟ ಗೋದಾಮು, ಕಳುವಾದ ಕಾರು, ಮುರಿಯದ ಕಾಲಿಗೆ ಹಾಕಿದ ಪಟ್ಟಿ, ಇಂಥವುಗಳ ಬೆನ್ನುಹತ್ತುವುದೇ ಅವಳ ಕೆಲಸ. ಹಾಲೇಶನನ್ನು ಕೇಳಿದರೆ, ಅವಳು ಬೂದಿ ಮುಟ್ಟಿ ನೋಡಿ ಬೆಂಕಿ ಹಚ್ಚಿದವನ ಅಂಗಿಯ ಬಣ್ಣ ಹೇಳಬಲ್ಲವಳು. ಹಾಲೇಶ ಪಂಪ್‌ಸೆಟ್ಟು ಮಾರುತ್ತಿದ್ದ. ಅವನ ಪಂಪು ಹಾಕಿದರೆ ನೀರಿನ ಜತೆ ಪಾತಾಳದ ನಾಗಕನ್ಯೆಯರೂ ಮೇಲೆ ಬರುತ್ತಿದ್ದರಂತೆ.

ಆ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದವರು ಚನ್ನಬಸಪ್ಪ. ಗದಗಿನವರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ ವಡೋದರಾದಲ್ಲೇ ನೆಲೆನಿಂತವರು. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

"ತಂಗೀ, ನನ್ನ ಮನ್ಯಾಗ ಕಳ್ಳ ಹೊಕ್ಕಾನ. ಅದೂ ಅಳಿಯನ ವೇಷದಾಗ!"

ಸಂಗತಿ ಇಷ್ಟು. ಮೂರು ವರ್ಷದ ಹಿಂದೆ ಚನ್ನಬಸಪ್ಪನವರು ಒಂದು ರೆಸಾರ್ಟ್ ಕಂಪನಿಯ ಟೈಮ್‌ಶೇರ್ ಕೊಂಡಿದ್ದರು. ಒಮ್ಮೆ ದುಡ್ಡು ಕಟ್ಟಿದರೆ ವರ್ಷವರ್ಷವೂ ಸದಸ್ಯರ ಖಾತೆಗೆ ಇಂತಿಷ್ಟು ಪಾಯಿಂಟು ಬೀಳುತ್ತದೆ. ಆ ಪಾಯಿಂಟು ಕೊಟ್ಟು ಕಂಪನಿಯ ರೆಸಾರ್ಟುಗಳಲ್ಲಿ ತಂಗಬೇಕು. ಸಣ್ಣ ರೂಮಿಗೆ ಸ್ವಲ್ಪ, ಅಡುಗೆಮನೆಯಿರುವ ದೊಡ್ಡ ಕಾಟೇಜಿಗೆ ಬಹಳ. ಎಲ್ಲರೂ ಒಂದೇ ದೊಡ್ಡ ಕರಾರು ಮಾಡಿಕೊಂಡರೆ, ಚನ್ನಬಸಪ್ಪನವರು ಅದನ್ನು ಮೂರು ಸಣ್ಣ ಕರಾರುಗಳಾಗಿ ಒಡೆಸಿದ್ದರು.

"ನಿಮ್ಮ ಮಾತು ಕೇಳಿ ಒಡೆಸಿದ್ದು, ಹಾಲೇಶಪ್ಪ," ಎಂದರು.

ಹಾಲೇಶ ಹಿಗ್ಗಿದ. "ಮತ್ತೆ! ಇಡೀ ಕುಂಬಳಕಾಯಿ ಕೊಂಡೋನು ಕೊಳೆಸ್ತಾನೆ, ಹೋಳು ಕೊಂಡೋನು ಉಣ್ತಾನೆ. ಬೇಡ ಅಂದ್ರೆ ಒಂದು ಹೋಳು ಮಾರ್ಕೊ, ಒಂದು ಮಗಂಗೆ ಕೊಡು, ಒಂದು ಮಗಳಿಗೆ ಕೊಡು. ಜಗಳ ಇಲ್ಲ, ತಂಟೆ ಇಲ್ಲ. ನನ್ನವೇ ಏಳು ಹೋಳು ಇದಾವೆ ಯಜಮಾನ್ರೇ, ಏಳು ರೆಸಾರ್ಟಲ್ಲಿ! ನಾನು ಬರ್ತೀನಿ ಅಂದ್ರೆ ಗೇಟಿಗೆ ತೋರಣ ಕಟ್ತಾರೆ."

ಸುಭದ್ರಾ ಗಂಡನ ಕಡೆ ತಿರುಗಲಿಲ್ಲ. "ಮೂರು ಕರಾರು ಯಾರ್ಯಾರಿಗೆ, ಅಣ್ಣಾರೆ?"

"ಒಂದು ನನಗ. ಒಂದು ಅಹಮದಾಬಾದಿನ್ಯಾಗಿರೋ ಮಗ ಸುಮುಖಗ. ಮೂರನೇದು ಮುಂದ ಸೂರತ್‌ನ ಮಗಳು ಅಕ್ಷತಾಗ ಹೋಗ್ಲಿ ಅಂತ ತಗದಿಟ್ಟದ್ದು."

"ಅದಕ್ಕೆ ಅಕ್ಷತಾನೇ ಸಹಿ ಹಾಕಿದ್ಲಾ?"

"ಸಹಿ ಯಾರದಾದ್ರೇನು ಬಿಡ್ರಿ. ಶುಭ ಆಗ್ಲಿ ಅಂತ ಹಾಕಿಸಿದ್ದು. ರೊಕ್ಕ ಎಲ್ಲಾ ನಂದು."

ಬರುವ ದೀಪಾವಳಿ ರಜೆಯಲ್ಲಿ ಅವರ ಹೆಂಡತಿ ಸುಲೋಚನಾಗೆ ಅರವತ್ತು ತುಂಬುವುದಿತ್ತು. ಹೆಂಡತಿಗೆ ಗೊತ್ತಾಗದ ಹಾಗೆ, ಮೂರೂ ಕರಾರಿನ ಪಾಯಿಂಟು ಕೂಡಿಸಿ, ಸಾಪುತಾರಾದ ಬೆಟ್ಟದ ಮೇಲೆ ಅಡುಗೆಮನೆಯಿರುವ ಕಾಟೇಜು ಹಿಡಿದು, ಗದಗಿನ ಬಂಧುಬಳಗವನ್ನೆಲ್ಲ ಕರೆಸಬೇಕೆಂಬುದು ಚನ್ನಬಸಪ್ಪನವರ ಆಸೆ.

"ಹೋದ ವರ್ಷ ದಮನ್‌ಗೆ ಹೋದಾಗ ಅಷ್ಟೂ ಮಂದಿಗೆ ಆಕಿನ ರೊಟ್ಟಿ ಬಡದ್ಲು. ಏನು ರುಚಿ ಅಂತೀರಿ! ಆಕಿ ಕೈ ಇರೂವಾಗ ಹೊಟೇಲ್ ಯಾಕ? ಈಗ ನೋಡಿದ್ರ ಮೂರನೇ ಕರಾರು ಖಾಲಿ! ಶ್ರಾವಣದಾಗ ಯಾರೋ ಅದ ಸಾಪುತಾರಾಕ್ಕ ಹೋಗಿ ಇದ್ದು ಬಂದಾರ. ಯಾರ್ರೀ ಅಂದ್ರ, ಆ ಕರಾರಿನ ಸದಸ್ಯರಿಗಷ್ಟ ಹೇಳ್ತೀವಿ ಅಂತಾರ ಕಂಪನಿಯವರು. ನಾ ಏನು ಹಾದೀಲೆ ಹೋಗಾಂವೇನು?"

"ಅಳಿಯನ ಮೇಲೆ ಯಾಕೆ ಅನುಮಾನ?"

"ಆ ಕರಾರಿಗೆ ಕೊಟ್ಟ ಮೊಬೈಲ್ ನಂಬರು ಅಳಿಯ ಮಂಥನ್‌ದು. ಕೇಳಿದ್ರ, 'ಹೇಳಾಕ ಬರೂದಿಲ್ಲ ಮಾವಾರ' ಅಂತಾನ. ನನ್ನ ಹೊಸ್ತಿಲಾ ತುಳೀಬ್ಯಾಡ ಅಂದೆ. ಅಕ್ಷತಾ ಏನಂದ್ಲು ಗೊತ್ತೇನು? ಅವರು ಬರಲಿಲ್ಲಂದ್ರ ನಾನೂ ಬರೂದಿಲ್ಲ." ಅಲ್ಲಿಯವರೆಗೆ ಗುಡುಗುತ್ತಿದ್ದ ದನಿ ಒಡೆಯಿತು. "ಸುಲೋಚನಾಗ ನಾ ಇದ್ಯಾವುದನ್ನೂ ಹೇಳಿಲ್ರಿ. ಆಕಿಗೆ ಆ ಅಳಿಯ ಅಂದ್ರ ದೇವರು. ಶ್ರಾವಣದಾಗೂ ಅವರ ಮನ್ಯಾಗ ವಾರ ಇದ್ದು ಬಂದ್ಲು. ನಾ ಇಲ್ಲಿ ಬರೇ ಖಿಚಡಿ ತಿಂದೆ. ಅರವತ್ತರ ದಿನ ಮಗಳು ಅಳಿಯ ಇಲ್ಲಂದ್ರ ಆಕಿಗೆ ಏನಂತ ಹೇಳ್ಲಿ?"

"ಅವನೇ ಕಳ್ಳ ಅಂತ ಗೊತ್ತಾದ್ರೆ?" ಎಂದಳು ಸುಭದ್ರಾ.

"ಮುಗೀತು. ಈ ಜನ್ಮದಾಗ ಅವನ ಮಾರಿ ನೋಡೂದಿಲ್ಲ."

ಆ ಸಂಜೆಯೇ ಗಂಡಹೆಂಡತಿ, ಸುಮ್ಮನೆ ಬಂದವರಂತೆ ಚನ್ನಬಸಪ್ಪನವರ ಮನೆಗೆ ಹೋದರು. ಸುಲೋಚನಾ ಚಹಾದ ಜತೆ ಕೆಂಪು ಹಪ್ಪಳ ಕರಿದು ತಂದರು. ಹಾಲೇಶ ತಿಂದ ಹಪ್ಪಳಗಳನ್ನು ಸಾಲಾಗಿ ಹಾಸಿದ್ದರೆ ಗೋರ್ವಾದಿಂದ ರೈಲು ನಿಲ್ದಾಣದವರೆಗೆ ನಡೆದು ಹೋಗಬಹುದಿತ್ತು.

"ರಾಗಿ ಹಪ್ಪಳ! ಅಮ್ಮಾ, ಗದಗಿನೋರ ಮನೇಲಿ ರಾಗಿ?"

"ಈಗೀಗ ಹತ್ತಿದ ಹುಚ್ಚು," ಚನ್ನಬಸಪ್ಪ ಗೊಣಗಿದರು. "ಸೂರತ್‌ನಿಂದ ಹೊತ್ಕೊಂಡು ಬಂದಾಳ."

"ನಾಗಲಿ ಅಂತಾರಪ್ಪ ಇದಕ್ಕ ಇಲ್ಲಿ. ಡಾಂಗ್ ಗುಡ್ಡದ ಹೆಣ್ಮಕ್ಕಳು ರಸ್ತಾದ ಬಾಜೂಕ ಕೂತು..." ಎಂದ ಸುಲೋಚನಾ ಥಟ್ಟನೆ ನಿಲ್ಲಿಸಿ, "ಎಣ್ಣಿ ಕಾದತಿ," ಎಂದು ಒಳಗೆ ಹೋದರು. ಚಹಾ, ಹಪ್ಪಳ, ಮತ್ತೆ ಚಹಾ, ಗಂಡನ ಕನ್ನಡಕ, ನೀರು. ಅಷ್ಟು ಹೊತ್ತಿನಲ್ಲಿ ಅವರು ಒಮ್ಮೆಯೂ ಕೂತದ್ದನ್ನು ಹಾಲೇಶ ಕಾಣಲಿಲ್ಲ. ಕಂಡಿರಲಿಲ್ಲ ಎಂಬುದೂ ಅವನಿಗೆ ಹೊಳೆಯಲಿಲ್ಲ. ಹೆಂಡತಿ ದಾರಿಯಲ್ಲಿ ಹೇಳಿದ ಮೇಲೆಯೇ ಹೊಳೆದದ್ದು.

ಮುಂದಿನ ರಜೆಗೆ ಅಹಮದಾಬಾದ್. ಸುಮುಖನದು ಬೋಡಕ್‌ದೇವ್‌ನಲ್ಲಿ ಫ್ಲಾಟು. ಇಲ್ಲೇ ಹುಟ್ಟಿ ಬೆಳೆದ ಅವನ ಕನ್ನಡ ಮೂರು ಚಕ್ರದ ಗಾಡಿಯ ಹಾಗೆ ವಾಲುತ್ತಿತ್ತು.

"ಆಂಟಿ, ಬೇಸಿಕಲಿ ಮೂರೂ ಸೆಪರೇಟ್. ಒಬ್ಬರ ಪಾಯಿಂಟ್ಸಲ್ಲಿ ಬೇರೆಯವರು ಸ್ಟೇ ಮಾಡಿದ್ರೆ ಗೆಸ್ಟ್ ಫೀ ಕಟ್ ಆಗತ್ತೆ, ಪಪ್ಪಾ ಕಾರ್ಡಿಂದ. ಮೆಂಬರ್ ಖುದ್ ಹೋಗಿ ಆಧಾರ್ ತೋರಿಸಿದ್ರೆ ಫೀ ಇಲ್ಲ."

"ಶ್ರಾವಣದಲ್ಲಿ ಕಟ್ ಆಯ್ತಾ?"

"ನಹೀಂ. ಆಗಿದ್ರೆ ಪಪ್ಪಾ ಅವತ್ತೇ ಇಡೀ ಗುಜರಾತ್‌ಗೆ ಫೋನ್ ಮಾಡ್ತಿದ್ರು."

ಕೆಳಗಿಳಿದದ್ದೇ ಹಾಲೇಶ ಪಿಸುಗುಟ್ಟಿದ: "ಇವನೇ ಕಣೇ ಕಳ್ಳ! ಇಷ್ಟೆಲ್ಲ ನಿಯಮ ಗೊತ್ತಿರೋನು ಸಾಮಾನ್ಯನಾ? ಕಣ್ಣಲ್ಲೇ ಕನ್ನ ಕೊರೀತಿದ್ದ."

"ರೀ, ಅವನು ಅಷ್ಟು ಜಾಣ ಆಗಿದ್ರೆ ತನ್ನ ಪಾಯಿಂಟು ಇಟ್ಕೊಂಡು ಅಮ್ಮನ ಕರಾರಿಗೆ ಯಾಕೆ ಕೈ ಹಾಕ್ತಿದ್ದ?" ಎಂದಳು ಸುಭದ್ರಾ. ಅವಳ ಬಾಯಲ್ಲಿ 'ಅಮ್ಮ' ಬಂದದ್ದನ್ನು ಹಾಲೇಶ ಗಮನಿಸಲಿಲ್ಲ.

ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಮಂಥನ್‌ನ ಅಂಗಡಿ. ಸೀರೆಯ ರಾಶಿ ಎಷ್ಟಿತ್ತೆಂದರೆ, ಹಿಮಾಲಯಕ್ಕೆ ಉಡಿಸಿ ಸೆರಗು ಬಿಡಬಹುದಿತ್ತು. ಅದರ ನಡುವಿನಿಂದ ಎದ್ದ ಗುಜರಾತಿ ಹುಡುಗ ಗದಗಿನ ಕನ್ನಡ ಆಡಿದಾಗ ಹಾಲೇಶ ಬೆಕ್ಕಸಬೆರಗಾದ.

"ಆವೋ, ಬರ್ರಿ ಬರ್ರಿ! ಅತ್ತಿಯವರು ಕಲಿಸ್ಯಾರ್ರಿ ಕನ್ನಡ. ಸುಮುಖಗಿಂತ ಚಲೋ ಆಡ್ತೀನಿ ಅಂತಾರ." ಕೂರಿಸಿ ಚಹಾ ತರಿಸಿದವನು ಮೊದಲು ಕೇಳಿದ್ದೇ, "ಅತ್ತಿಯವರ ಪಾದದ ಬಾವು ಇಳೀತೇನ್ರಿ?"

"ಬಾವಾ? ಯಾವಾಗ ಬಂದಿತ್ತು?" ಎಂದಳು ಸುಭದ್ರಾ.

ಮಂಥನ್ ಮಡಿಸಿದ್ದ ಸೀರೆಯನ್ನೇ ಮತ್ತೆ ಮಡಿಸತೊಡಗಿದ.

"ಶ್ರಾವಣದಲ್ಲಿ ನೀವು ಸಾಪುತಾರಾಕ್ಕೆ ಹೋಗಿದ್ರಾ?"

"ಕಾರು ತಗೊಂಡು ಹೋಗಿದ್ದೆ. ಅವತ್ತ ತಿರುಗಿ ಬಂದೆ. ಇನ್ನ ಕೇಳಬ್ಯಾಡ್ರಿ ಅಕ್ಕಾರ, ಮಾತು ಕೊಟ್ಟೇನಿ. ಮಾವಾರು ನನ್ನ ಚೋರ್ ಅಂದ್ರೂ ನಡೀತದ."

ಮರಳುವಾಗ ರೈಲಿನಲ್ಲಿ ಸುಭದ್ರಾ, "ಗೊತ್ತಾಯ್ತು," ಎಂದಳು. ಹಾಲೇಶನಿಗೆ ಏನೂ ಗೊತ್ತಾಗಿರಲಿಲ್ಲ. ಆದರೂ, "ನನಗಂತೂ ಟಿಕೆಟ್ ತಗೊಳ್ಳುವಾಗಲೇ ಗೊತ್ತಾಗಿತ್ತು," ಎಂದ.

ಅವಳ ಮಾತಿನಂತೆ ಎಲ್ಲರೂ ಚನ್ನಬಸಪ್ಪನವರ ಮನೆಯಲ್ಲಿ ಸೇರಿದರು. ಸುಮುಖ ಬಂದ, ಅಕ್ಷತಾ ಬಂದಳು. ಮಂಥನ್ ಮಾತ್ರ ಹೊಸ್ತಿಲ ಹೊರಗೇ ನಿಂತ. ಮಾವ ಒಳಗೆ ಕರೆಯಲಿಲ್ಲ. ಸುಭದ್ರಾ ನೇರ ಅಡುಗೆಮನೆಗೆ ಹೋದಳು. ಒಳಗಿನ ಮಾತು ಹಾಲೇಶನಿಗೆ ಕೇಳಿಸಲಿಲ್ಲ. ಗ್ಯಾಸ್ ಆರಿಸಿದ ಸದ್ದಾಯಿತು. ಸುಲೋಚನಾ ಕೈ ಒರೆಸಿಕೊಳ್ಳುತ್ತ ಹೊರಬಂದು, ಗಂಡನ ಎದುರಿನ ಕುರ್ಚಿಯಲ್ಲಿ ಕೂತರು. ಅವರು ಹಾಗೆ ಕೂತದ್ದೇ ಚನ್ನಬಸಪ್ಪನವರ ಮುಖದಲ್ಲಿ ಗಾಬರಿ ಹುಟ್ಟಿಸಿತು.

ಸುಭದ್ರಾ ಶುರು ಮಾಡಿದಳು.

"ಅಣ್ಣಾರೆ, ಒಂದೇ ದೊಡ್ಡ ಕರಾರು ಇದ್ದಿದ್ರೆ ಸದಸ್ಯರು ನೀವೊಬ್ಬರೇ ಆಗ್ತಿದ್ರಿ. ಮೂರು ಮಾಡಿದ್ರಿ, ಸದಸ್ಯರೂ ಮೂವರಾದ್ರು. ಮೂರನೇದರ ಬಗ್ಗೆ ಕಂಪನಿ ನಿಮಗೆ ಬಾಯಿ ಬಿಡಲಿಲ್ಲ. ಅಂದ್ರೆ ಅದರ ಸದಸ್ಯ ನೀವಲ್ಲ. ಬೇರೆಯವರು ಉಳಿದಿದ್ರೆ ಗೆಸ್ಟ್ ಫೀ ಬೀಳ್ತಿತ್ತು, ಬಿದ್ದಿಲ್ಲ. ಅಂದ್ರೆ ಸದಸ್ಯರೇ ಹೋಗಿ ಗುರುತು ತೋರಿಸಿದಾರೆ. ಮಂಥನ್ ನಂಬರು ಕೊಟ್ಟಿದ್ದಷ್ಟೇ, ಸಹಿ ಅವನದಲ್ಲ. ಮುಂದೆ ಅಕ್ಷತಾಗೆ ಹೋಗ್ಲಿ ಅಂದ್ರಿ, ಅಂದ್ರೆ ಅವಳದೂ ಅಲ್ಲ. ಹಾಗಾದ್ರೆ ಶುಭ ಆಗ್ಲಿ ಅಂತ ನೀವು ಸಹಿ ಹಾಕಿಸಿದ್ದು ಯಾರ ಕೈಲಿ?"

ಚನ್ನಬಸಪ್ಪ ಹೆಂಡತಿಯ ಕಡೆ ತಿರುಗಿದರು. ಮನೆಗೆ ಹೊಸದೇನು ಕೊಂಡರೂ ಒಂದು ಪಾಲು ಮನೆಯೊಡತಿಯ ಹೆಸರಿನಲ್ಲಿರಬೇಕು, ಲಕ್ಷ್ಮಿ ನಿಲ್ಲುತ್ತಾಳೆ. ಅವರಪ್ಪನ ಕಾಲದಿಂದ ನಡೆದುಬಂದ ರೂಢಿ. ಹೆಸರು ಬರೆಸುವುದು ರೂಢಿ, ಆ ಹೆಸರಿನವಳು ಒಂದು ದಿನ ಅದನ್ನು ಬಳಸಿಯಾಳು ಎಂಬುದು ಆ ರೂಢಿಯಲ್ಲಿ ಇರಲಿಲ್ಲ.

"ಇಕಿ... ಇಕಿ ಸೂರತ್‌ನ್ಯಾಗ ಇದ್ಲಲ್ಲ!"

"ಸೂರತ್‌ಗೆ ಹೋದ್ರು. ಅಲ್ಲಿಂದ ಮಂಥನ್ ಕಾರಲ್ಲಿ ಬೆಟ್ಟಕ್ಕೆ ಬಿಟ್ಟು ಬಂದ. ಜೋಳದ ಸೀಮೆಯವರ ಮನೆಗೆ, ಸಾಪುತಾರಾ ಇರೋ ಡಾಂಗ್ ಬೆಟ್ಟದ ರಾಗಿ ಹಪ್ಪಳ ಬಂತು. ಅಷ್ಟರಿಂದಲೇ ಹೇಳೋಕಾಗಲ್ಲ, ಸೂರತ್‌ನಲ್ಲೂ ಸಿಗುತ್ತೆ. ಆದರೆ ರಸ್ತೆ ಪಕ್ಕ ಮಾರೋರನ್ನ ಅಮ್ಮ ಕಣ್ಣಾರೆ ನೋಡಿದ್ರು. ಮಗಳ ಮನೇಲಿ ಕೂತಿದ್ದೋರ ಪಾದ ಬಾತದ್ದು ಯಾಕೆ? ಹತ್ತಿದ್ರಿಂದ."

"ನಾನ ಹೋಗಿದ್ದೆ," ಎಂದರು ಸುಲೋಚನಾ. ದನಿಯಲ್ಲಿ ನಡುಕವಿರಲಿಲ್ಲ. "ಮಂಥನ್ ಮ್ಯಾಲೆ ಇಷ್ಟೆಲ್ಲಾ ಆಗೇದ ಅಂತ ಈಗ ತಿಳೀತು. ಅಕ್ಷತಾ, ನೀನರ ಹೇಳಬಾರದಿತ್ತೇನ?"

"ಮಾತು ತಗೊಂಡಿದ್ಯಲ್ಲವ್ವ, ಇಬ್ಬರ ಕಡಿಂದೂ," ಎಂದಳು ಅಕ್ಷತಾ.

"ನನ್ನ ಕೇಳಿದ್ರ ನಾನ ಕರಕೊಂಡು ಹೋಗ್ತಿದ್ದಿಲ್ಲೇನು?" ಎಂದರು ಚನ್ನಬಸಪ್ಪ.

"ಕರಕೊಂಡು ಹೋಗ್ತಿದ್ರಿ. ಲಟ್ಟಣಿಗಿನೂ ತಗೋ ಅಂತಿದ್ರಿ." ಸುಲೋಚನಾ ನಕ್ಕರು. "ದಮನ್‌ದಾಗ ಸಮುದ್ರ ಇತ್ತಂತ. ನಾ ನೋಡಿದ್ದು ಬರೇ ಒಲಿ. ಸಾಪುತಾರಾದಾಗ ನಸುಕಿನ್ಯಾಗ ಗುಡ್ಡ ಹತ್ತಿದೆ ನೋಡ್ರಿ. ಮೋಡ ಕಾಲ ಕೆಳಗ ಇದ್ವು! ಕೆಳಗ! ಊರು, ರಸ್ತಾ, ಏನೂ ಇಲ್ಲ. ಅದರಾಗಿಂದ ಸೂರ್ಯಾ ಮ್ಯಾಲೆ ಬಂದ. ಯಾರೋ ಹುಡುಗಿ ಚಹಾ ತಂದ್ಲು, ಕಪ್ಪು ಇಸಕೊಂಡು ಬೇರೆಯವರಿಗೆ ಕೊಡಾಕ ಎದ್ದು ನಿಂತೆ. ಆ ಹುಡುಗಿ, 'ಬೇನ್, ಇದು ನಿಮಗ, ಕೂಡ್ರಿ' ಅಂದ್ಲು. ನನಗ ಅಳೂನ ಬಂತು."

ಯಾವ ಬೆಟ್ಟವನ್ನಾದರೂ ಹತ್ತುಪಟ್ಟು ಎತ್ತರಿಸಬಲ್ಲ ಹಾಲೇಶನಿಗೂ ಆ ಮೋಡಕ್ಕೆ ಸೇರಿಸಲು ಒಂದು ಪದ ಸಿಗಲಿಲ್ಲ. ತಾನೂ ಆ ಹೊತ್ತು ಸುಲೋಚನಾ ಪಕ್ಕದಲ್ಲಿ ನಿಂತು ಕೆಳಗೆ ನೋಡುತ್ತಿದ್ದೇನೆ ಅನ್ನಿಸಿ ಅವನ ಮೈ ಜುಂ ಎಂದಿತು.

ಚನ್ನಬಸಪ್ಪ ಎದ್ದರು. ಬಾಗಿಲಿಗೆ ಹೋಗಿ ಅಳಿಯನ ಕೈ ಹಿಡಿದರು. "ಒಳಗ ಬಾರಪ್ಪಾ. ತಪ್ಪು ನಂದು." ಮಂಥನ್ ಕಾಲಿಗೆರಗಲು ಬಗ್ಗಿದರೆ, ಅವನ ಭುಜ ಹಿಡಿದೆತ್ತಿ ಎಳೆದುಕೊಂಡೇ ಬಂದರು. "ಇನ್ನ ಕಾಟೇಜೂ ಬ್ಯಾಡ, ಒಲೀನೂ ಬ್ಯಾಡ. ಉಳಿದ ಎರಡು ಕರಾರಿನ್ಯಾಗ ರೂಮು ಹಿಡಿಯೋಣು, ಎಲ್ಲಾರೂ ಹೊಟೇಲ್ ಊಟ ಉಣ್ಣೋಣು."

ಸುಮುಖ ಮೊಬೈಲು ನೋಡಿ ತಲೆಯಾಡಿಸಿದ. "ಪಪ್ಪಾ, ಒಂದು ರೂಮ್ ಶಾರ್ಟ್ ಆಗತ್ತೆ."

"ಅಳಿಯಗ ರೂಮಿಲ್ಲ ಅನ್ನಾಂಗಿಲ್ಲ!" ಚನ್ನಬಸಪ್ಪ ಗರ್ರನೆ ತಿರುಗಿದರು. "ಹಾಲೇಶಪ್ಪ, ನಿಮ್ಮವು ಏಳು ಅದಾವಲ್ಲ? ಒಂದು ನಮಗ ಕೊಡ್ರಿ."

ಹಾಲೇಶ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. "ಕೊಡ್ತಿದ್ದೆ ಯಜಮಾನ್ರೇ... ಏಳರಲ್ಲಿ ನಾಲ್ಕು ರಿಪೇರೀಲಿದಾವೆ."

"ಕರಾರು ರಿಪೇರೀಲಿ?" ಎಂದ ಸುಮುಖ.

"ಇನ್ನೆರಡು ಸಮುದ್ರದ ಕಡೆಯವು. ಉಪ್ಪುಗಾಳಿ..."

"ರೀ," ಎಂದಳು ಸುಭದ್ರಾ. ಅಷ್ಟೇ ಎಂದದ್ದು.

ಎಲ್ಲರೂ ಹಾಲೇಶನನ್ನೇ ನೋಡುತ್ತಿದ್ದರು. ಸುಲೋಚನಾ ಅಷ್ಟು ದೊಡ್ಡ ನಿಜವನ್ನು ಕೂತಲ್ಲೇ ಹೇಳಿ ಮುಗಿಸಿದ್ದರು. ಅದರ ಮುಂದೆ ಉಪ್ಪುಗಾಳಿ ನಿಲ್ಲುವಂತಿರಲಿಲ್ಲ.

"ಒಂದೂ ಇಲ್ಲ," ಎಂದ. "ಪುಕ್ಕಟೆ ಊಟ ಅಂತ ಆ ಕಂಪನಿಯೋರು ಹೋಟೆಲಿಗೆ ಕರೆದಿದ್ರು, ಹೋಗಿದ್ದೆ. ಕರಾರು ಒಡೆಸೋ ವಿಷಯ ಪಕ್ಕದ ಟೇಬಲ್ಲಿನೋರಿಗೆ ಹೇಳ್ತಿದ್ರು, ಶ್ರೀಖಂಡ ತಿಂತಾ ಕೇಳಿಸ್ಕೊಂಡೆ. ಮಾರೋ ಹುಡುಗ ನನ್ನ ಹತ್ರ ಬರೋ ಹೊತ್ತಿಗೆ ಕೈ ತೊಳೆಯೋಕೆ ಎದ್ದೋನು ಸೀದಾ ಮನೆಗೇ ಬಂದುಬಿಟ್ಟೆ."

"ಅಂದ್ರ," ಚನ್ನಬಸಪ್ಪ ಒಂದೊಂದೇ ಪದ ಎತ್ತಿ ಇಟ್ಟರು, "ನನ್ನ ಜೀವಮಾನದ ಉಳಿತಾಯ ನಾ ನಿಮ್ಮ ಶ್ರೀಖಂಡದ ಮ್ಯಾಲೆ ಹಾಕೇನೇನು?"

"ಆ ರೂಮಿನ ಬಾಡಿಗೆ ಇವರು ಕೊಡ್ತಾರೆ, ಅಣ್ಣಾರೆ," ಎಂದಳು ಸುಭದ್ರಾ.

"ಕೊಡ್ತೀನಿ," ಎಂದ ಹಾಲೇಶ ತಲೆ ತಗ್ಗಿಸಿ. ಆಮೇಲೆ ಮೆಲ್ಲಗೆ, "ಶ್ರೀಖಂಡ ಕೂಡ ಅಂಥಾದ್ದೇನೂ ಇರಲಿಲ್ಲ."